ಬಿಸಿಲಿನಿಂದ ನೀರಿನ ಉಪ್ಪು ತೆಗೆಯುವ ಯಂತ್ರ: ಮೋಡ ಬಂದಾಗ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಕೂತು ಉಪ್ಪುನೀರಿನ ಮಾತಾಡುವುದು ತಮಾಷೆಯಾಗಿ ಕಂಡೀತು. ಇಲ್ಲಿನ ತೋಡಿನ ನೀರಿಗೆ ಟಿಡಿಎಸ್ ಮೀಟರ್ (ಒಂದು ಲೀಟರಿನಲ್ಲಿ ಕರಗಿರುವ ಲವಣ ಎಷ್ಟು ಮಿಲಿಗ್ರಾಂ ಎಂದು ತೋರಿಸುವುದು) ಅದ್ದಿದರೆ ಸಾಮಾನ್ಯವಾಗಿ ನೂರರ ಒಳಗೇ ನಿಲ್ಲುತ್ತದೆ. ಆದರೆ ಇಲ್ಲಿ ಸೇರಿರುವ ಐಟಿಐ, ಪಾಲಿಟೆಕ್ನಿಕ್ ಹುಡುಗರಲ್ಲಿ ಹಲವರು ನಾಳೆ ಕೆಲಸ ಹುಡುಕಿಕೊಂಡು ಬಯಲುಸೀಮೆಗೋ ಕರಾವಳಿಗೋ ಹೋಗುವವರು. ಪಾವಗಡವನ್ನೇ ನೋಡಿ. ಕೊಳವೆಬಾವಿಗಳಲ್ಲಿ ಫ್ಲೋರೈಡ್, ತಲೆಯ ಮೇಲೆ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಬಿಸಿಲೂ ಕೆಟ್ಟ ನೀರೂ ಒಂದೇ ಊರಲ್ಲಿ ಸಿಗುವ ಜಾಗಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ.

ಬಿಸಿಲಿನಿಂದ ಉಪ್ಪು ತೆಗೆಯಲು ದಾರಿ ಎರಡು. ನೀರನ್ನು ಕಾಯಿಸಿ ಆವಿ ಹಿಡಿಯುವುದು ಹಳೆಯದು. ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ 1872ರಲ್ಲೇ ಸುಮಾರು 4,700 ಚದರ ಮೀಟರ್ ಗಾಜು ಹೊದಿಸಿ ದಿನಕ್ಕೆ 22,000 ಲೀಟರಿಗೂ ಹೆಚ್ಚು ನೀರು ತೆಗೆಯುತ್ತಿದ್ದರು. ಇನ್ನೊಂದು, ಪ್ಯಾನೆಲ್ಲಿನ ಕರೆಂಟಿನಿಂದ ಪಂಪ್ ಓಡಿಸಿ ಬಹುಪಾಲು ಉಪ್ಪನ್ನು ತಡೆದು ನೀರನ್ನು ದಾಟಿಸುವ ತೆಳು ಪೊರೆಯ, ಅಂದರೆ ಮೆಂಬ್ರೇನಿನ, ಮೂಲಕ ನೀರನ್ನು ಒತ್ತುವುದು, ಅಂದರೆ ಆರ್‌ಒ.

ಎರಡರ ಅಂತರ ಲೆಕ್ಕದಲ್ಲೇ ಕಾಣುತ್ತದೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.65 ಯೂನಿಟ್ ಶಾಖ ಬೇಕು. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿಗೆ 5.5 ಯೂನಿಟ್ ಬೀಳುತ್ತದೆ, ಗಾಜಿನ ಪೆಟ್ಟಿಗೆ ಅದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಬಳಸುತ್ತದೆ. ಸಿಗುವುದು ಮೂರು ಲೀಟರ್. ಅದೇ ಚದರ ಮೀಟರಿನಲ್ಲಿ ಪ್ಯಾನೆಲ್ ಇಟ್ಟರೆ ಮುಕ್ಕಾಲರಿಂದ ಒಂದು ಯೂನಿಟ್ ಕರೆಂಟು. ಮಧ್ಯಮ ಉಪ್ಪಿನ ಬೋರ್‌ವೆಲ್ ನೀರಾದರೆ ಅಷ್ಟರಲ್ಲಿ ಮುನ್ನೂರೈವತ್ತು ಲೀಟರ್ ಸಿಹಿ ಮಾಡಬಹುದು. ಊರಿಗೆ ಕುಡಿಯುವ ನೀರು ಎಂದ ಕೂಡಲೇ ಗಾಜಿನ ಪೆಟ್ಟಿಗೆಯ ಮಾತು ಮುಗಿಯಿತು. ಅದಕ್ಕೆ ಬೇರೆ ಕೆಲಸವಿದೆ, ಕೊನೆಯಲ್ಲಿ ಹೇಳುತ್ತೇವೆ.

ಸಮುದ್ರದ ನೀರಿನ ಕಥೆ ಬೇರೆ. ಲೀಟರಿಗೆ 35 ಗ್ರಾಂ ಉಪ್ಪು, ಅದರ ಆಸ್ಮಾಟಿಕ್ ಒತ್ತಡವೇ (ನೀರು ಮೆಂಬ್ರೇನ್ ದಾಟಬೇಕಾದರೆ ಮೊದಲು ಮೀರಬೇಕಾದ ಒತ್ತಡ) 27 ಬಾರ್ (ಒಂದು ಬಾರ್ ಎಂದರೆ ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಒತ್ತಡ), ಪಂಪ್ 60 ಬಾರ್ ಒತ್ತಬೇಕು. ಮೂರು ಸಾವಿರ ಲೀಟರ್ ಒತ್ತಿ ಒಂದು ಸಾವಿರ ಪಡೆಯುವ ಸಣ್ಣ ಘಟಕದಲ್ಲಿ ನೀರಿಗೆ ಸೇರುವ ಶಕ್ತಿಯೇ 5 ಯೂನಿಟ್, ಪಂಪ್–ಮೋಟರ್ ನಷ್ಟ ಸೇರಿ 7. ಹೊರಹೋಗುವ ಉಪ್ಪುನೀರಿನ ಒತ್ತಡವನ್ನು ವಾಪಸ್ ಹಿಡಿಯುವ ಸಾಧನ ಹಾಕಿದರೆ ದೊಡ್ಡ ಘಟಕಗಳಲ್ಲಿ ಇದು ಮೂರು–ನಾಲ್ಕಕ್ಕೆ ಇಳಿಯುತ್ತದೆ. ಇವತ್ತು ಬೋರ್‌ವೆಲ್ ನೀರಿನ ಮಟ್ಟಿಗೆ ಮಾತಾಡೋಣ.

ಒಂದು ಹಳ್ಳಿ, ಎಂಟುನೂರು ಜನ, ತಲೆಗೆ ಐದು ಲೀಟರ್. ದಿನಕ್ಕೆ ನಾಲ್ಕು ಸಾವಿರ ಲೀಟರ್ ಬೇಕು. ನೀರಿನ ಟಿಡಿಎಸ್ 2500. ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಪ್ರಕಾರ 500 ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಗಂಟೆಗೆ ಸಾವಿರ ಲೀಟರ್ ಕೊಡುವ ಘಟಕ ಸಾಕು, ಅರ್ಧ ನೀರು ಸಿಹಿ, ಅರ್ಧ ಉಪ್ಪು. ಪಂಪ್ ಗಂಟೆಗೆ 2000 ಲೀಟರನ್ನು 12 ಬಾರ್‌ನಲ್ಲಿ ಒತ್ತಬೇಕು. ನೀರಿನ ಲೆಕ್ಕ 670 ವ್ಯಾಟ್, ಸಣ್ಣ ಮಲ್ಟಿಸ್ಟೇಜ್ ಪಂಪಿನ ದಕ್ಷತೆ ಸೇರಿದರೆ 1.75 ಕಿಲೋವ್ಯಾಟ್. ಶೋಧಕಗಳಿಗೆ ನೀರೆತ್ತುವ ಪಂಪೂ ಸೇರಿ 2.3. ಮೆಂಬ್ರೇನ್ ನಾಲ್ಕು ಇಂಚಿನವು. ನಾಲ್ಕೇ ಸಾಕು ಎನ್ನುವವರಿದ್ದಾರೆ, ನಾವು ಐದು ಎನ್ನುತ್ತೇವೆ. ಐದಾದರೆ ಚದರ ಮೀಟರಿಗೆ ಗಂಟೆಗೆ 25 ಲೀಟರ್ ಮಾತ್ರ ದಾಟುತ್ತದೆ, ಮೈಮೇಲೆ ಗಸಿ ಕೂರುವುದು ನಿಧಾನ.

ಪ್ಯಾನೆಲ್ 400 ವ್ಯಾಟಿನವು ಹತ್ತು. ಏಕೆ ಹತ್ತು? ಪ್ಯಾನೆಲ್ಲಿನ ಹಿಂದಿನ ಚೀಟಿ ಓದಿ: ಕೆಲಸದ ವೋಲ್ಟೇಜ್ 41. ಎಂಟನ್ನು ಸಾಲಾಗಿ ಜೋಡಿಸಿದರೆ 328. 230 ವೋಲ್ಟಿನ ಮೂರು ಫೇಸ್ ಮೋಟರನ್ನು ಪೂರ್ಣ ವೇಗದಲ್ಲಿ ಓಡಿಸಲು, ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡಿ ಪಂಪಿನ ವೇಗ ಹೊಂದಿಸುವ ಡ್ರೈವ್‌ಗೆ 325 ವೋಲ್ಟ್ ಡಿಸಿ ಬೇಕು. ಕಾಗದದ ಮೇಲೆ ಸರಿಹೋಯಿತು. ಆದರೆ ಚೀಟಿಯ ಅಂಕಿ ಸೆಲ್ 25 ಡಿಗ್ರಿಯಲ್ಲಿ ಇದ್ದಾಗಿನದು. ಏಪ್ರಿಲ್ ಮಧ್ಯಾಹ್ನ ಸೆಲ್ 65 ಡಿಗ್ರಿಗೆ ಏರುತ್ತದೆ, ಡಿಗ್ರಿಗೆ ಶೇಕಡ 0.3ರಂತೆ ಶೇಕಡ 12 ಹೋಯಿತು, ಉಳಿದದ್ದು 289. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿ ಓಡುತ್ತಿದ್ದ ಘಟಕ ಒಂದು ಗಂಟೆಯ ಹೊತ್ತಿಗೆ ಮುಗ್ಗರಿಸುತ್ತದೆ. ಬಿಸಿಲು ಏರಿದಷ್ಟೂ ನೀರು ಕಡಿಮೆ! ಪಂಪ್ ಕೆಟ್ಟಿತೆಂದು ಬಿಚ್ಚಿ ನೋಡುವವರೇ ಹೆಚ್ಚು. ಹತ್ತು ಪ್ಯಾನೆಲ್ ಇದ್ದರೆ 410, ಕಾದ ಮೇಲೂ 360. ಮುಂಜಾನೆಯ ಚಳಿಯಲ್ಲಿ ಹೊರೆ ಇಲ್ಲದಾಗ ಇದೇ ಸಾಲು 500 ದಾಟಬಹುದು, ಡ್ರೈವ್ ಅದನ್ನು ತಡೆಯುವಂಥದ್ದಾಗಿರಲಿ.

ದೊಡ್ಡ ಬ್ಯಾಟರಿ ಬೇಡ. ಕಂಟ್ರೋಲರಿಗೆ ಒಂದು ಪುಟ್ಟ ಬ್ಯಾಟರಿ, ನೀರಿಗೆ ದೊಡ್ಡ ಟ್ಯಾಂಕ್. ಎರಡು ದಿನದ ನೀರು ಹಿಡಿದಿಡುವ ಸಿಂಟೆಕ್ಸ್ ಟ್ಯಾಂಕಿಗೆ ಆಗುವ ಖರ್ಚಿನಲ್ಲಿ ಅಷ್ಟು ನೀರು ತೆಗೆಯುವ ಕರೆಂಟನ್ನು ಬ್ಯಾಟರಿಯಲ್ಲಿ ಕೂಡಿಡಲಾಗದು.

ಇನ್ನು ಮೋಡ. ನೀರು ಮೆಂಬ್ರೇನ್ ದಾಟುವುದು ಒತ್ತಡ ನೋಡಿ, ಉಪ್ಪು ದಾಟುವುದು ಎರಡೂ ಕಡೆಯ ಉಪ್ಪಿನ ವ್ಯತ್ಯಾಸ ನೋಡಿ. ಮೋಡ ಅಡ್ಡ ಬಂದು ಪಂಪ್ ನಿಧಾನವಾದರೆ ನೀರು ಬರುವುದು ಕಡಿಮೆಯಾಗುತ್ತದೆ, ಉಪ್ಪು ಮಾತ್ರ ತನ್ನ ಪಾಡಿಗೆ ಸೋರುತ್ತಲೇ ಇರುತ್ತದೆ. ಸಿಹಿನೀರಿನ ಟಿಡಿಎಸ್ ಏರುತ್ತದೆ. ಆದ್ದರಿಂದ ಸಿಹಿನೀರಿನ ಪೈಪಿಗೆ ಉಪ್ಪಿನ ಮಟ್ಟ ತೋರಿಸುವ ಕಂಡಕ್ಟಿವಿಟಿ ಮೀಟರೂ ಮೂರುದಾರಿ ವಾಲ್ವೂ ಇರಲಿ, ಮಿತಿ ದಾಟಿದ ನೀರು ಕಚ್ಚಾನೀರಿನ ಟ್ಯಾಂಕಿಗೆ ಮರಳಲಿ. ಉಪ್ಪುನೀರಿನ ದಾರಿಯಲ್ಲಿ ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ವಾಲ್ವ್ ಹಾಕಬೇಡಿ. ಪಂಪ್ ನಿಧಾನವಾದಾಗ ಅದು ಒತ್ತಡ ಉಳಿಸಲು ಹೋಗಿ ಉಪ್ಪುನೀರಿನ ದಾರಿಯನ್ನೇ ಕಟ್ಟುತ್ತದೆ, ಒಳಗೆ ಸುಣ್ಣ ಕೂರುತ್ತದೆ. ಸಾದಾ ನೀಡಲ್ ವಾಲ್ವನ್ನು ಒಂದೇ ಜಾಗದಲ್ಲಿ ಬಿಟ್ಟರೆ ಒತ್ತಡವೂ ಹರಿವೂ ಒಟ್ಟಿಗೆ ಇಳಿಯುತ್ತವೆ, ನೀರು ಕಡಿಮೆ ಬಂದರೂ ಮೆಂಬ್ರೇನ್ ಉಳಿಯುತ್ತದೆ.

ಮೋಡ ಸರಿದಾಗ ಡ್ರೈವ್ ಒಮ್ಮೆಲೇ ಜಿಗಿಯಬಾರದು. ಸೆಕೆಂಡಿಗೆ 0.7 ಬಾರ್‌ಗಿಂತ ವೇಗವಾಗಿ ಒತ್ತಡ ಏರಿದರೆ ಸುರುಳಿಯಾಗಿ ಸುತ್ತಿದ ಮೆಂಬ್ರೇನ್ ಜಾರಿ ಅದರ ಹೊರಕವಚ ಸೀಳಬಹುದು. ಡ್ರೈವಿನಲ್ಲಿ ಏರುವ ಸಮಯ 40 ಸೆಕೆಂಡ್ ಇಡಿ.

ಸಂಜೆ ನಿಂತ ಮೇಲೆ ಉಪ್ಪುನೀರು ರಾತ್ರಿಯಿಡೀ ಮೆಂಬ್ರೇನ್ ಒಳಗೇ ಉಳಿಯಬಾರದು. ಇದಕ್ಕೊಂದು ಸರಳ ಉಪಾಯವಿದೆ. ಐದಾರು ಮೀಟರ್ ಎತ್ತರದಲ್ಲಿ 200 ಲೀಟರಿನ ಡ್ರಮ್ಮು. ಸಿಹಿನೀರು ಮೊದಲು ಇದಕ್ಕೆ ತುಂಬಿ, ಉಕ್ಕಿದ್ದು ದೊಡ್ಡ ಟ್ಯಾಂಕಿಗೆ ಹೋಗಲಿ. ಡ್ರಮ್ಮಿನಿಂದ ಮೆಂಬ್ರೇನಿಗೆ ಬರುವ ಪೈಪಿನಲ್ಲಿ ಕರೆಂಟ್ ಇಲ್ಲದಾಗ ತೆರೆದಿರುವ ಸೊಲೆನಾಯ್ಡ್ ವಾಲ್ವ್, ಜೊತೆಗೆ ಪಂಪಿನ ನೀರು ಮೇಲಕ್ಕೆ ಹೋಗದಂತೆ ಒಂದು ಚೆಕ್ ವಾಲ್ವ್. ಬಿಸಿಲು ಹೋಯಿತು, ವಾಲ್ವ್ ತೆರೆಯಿತು, ಉಪ್ಪುನೀರನ್ನು ಸಿಹಿನೀರು ತಳ್ಳಿತು, ಡ್ರಮ್ಮು ಖಾಲಿಯಾದ ಮೇಲೆ ತಾನೇ ನಿಂತಿತು. ಸಾದಾ ಸೊಲೆನಾಯ್ಡ್ ತೆರೆಯಲು ಅರ್ಧ ಬಾರ್ ಒತ್ತಡ ಕೇಳುತ್ತದೆ, ಡ್ರಮ್ಮಿನ ಎತ್ತರಕ್ಕೆ ಅದು ಬಾಯಿಬಿಡದೆ ಹೋಗಬಹುದು. ಅಂಗಡಿಯಲ್ಲಿ ‘ಜೀರೋ ಪ್ರೆಶರ್’ ಎಂದೇ ಕೇಳಿ. ಆ ಡ್ರಮ್ಮಿಗೆ ಬ್ಲೀಚಿಂಗ್ ಪುಡಿ ಮಾತ್ರ ಬೀಳಬಾರದು, ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ.

ಮೇಜಿನ ಮೇಲೆ ಉದ್ದಕ್ಕೆ ಸೀಳಿ ಬಿಚ್ಚಿಟ್ಟ ಎರಡು ಮೆಂಬ್ರೇನ್‌ಗಳಿವೆ, ಹತ್ತಿರ ಬಂದು ಮುಟ್ಟಿ ನೋಡಿ. ಮೊದಲನೆಯದು ನೀರು ಒಳಬರುವ ಕಡೆ, ಸಾಲಿನ ತಲೆಯಲ್ಲಿದ್ದದ್ದು. ಜಾಲರಿಯ ಕಣ್ಣುಗಳಲ್ಲಿ ಕಂದು ಲೋಳೆ, ಉಗುರಿನಿಂದ ಕೆರೆದರೆ ಬರುತ್ತದೆ: ಕಬ್ಬಿಣ ಮತ್ತು ಬ್ಯಾಕ್ಟೀರಿಯಾ. ಎರಡನೆಯದು ಸಾಲಿನ ಬಾಲದ್ದು. ಇಲ್ಲಿ ಬೆರಳಿಗೆ ಮರಳುಕಾಗದದಂತೆ ತಾಗುತ್ತದೆ, ನಿಂಬೆಹುಳಿ ಹಾಕಿದರೆ ನೊರೆ ಏಳುತ್ತದೆ: ಸುಣ್ಣ. ತಲೆಯಲ್ಲಿ ಕೆಟ್ಟರೆ ತಪ್ಪು ಶೋಧಕದ್ದು, ಬಾಲದಲ್ಲಿ ಕೆಟ್ಟರೆ ತಪ್ಪು ಸುಣ್ಣ ಕೂರದಂತೆ ನೀರಿಗೆ ಬೆರೆಸುವ ಆಂಟಿಸ್ಕೇಲೆಂಟ್‌ನದ್ದು ಅಥವಾ ಹೆಚ್ಚು ನೀರು ಹಿಂಡುವ ದುರಾಸೆಯದು. ಈ ಆಂಟಿಸ್ಕೇಲೆಂಟ್ ಲೀಟರಿಗೆ 3 ಮಿಲಿಗ್ರಾಂ ಎಂದರೆ ಗಂಟೆಗೆ ಬೇಕಾದದ್ದು ಆರೇ ಗ್ರಾಂ. ಅಷ್ಟು ಸಣ್ಣ ಪ್ರಮಾಣವಾದ್ದರಿಂದಲೇ ಡೋಸಿಂಗ್ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡರೂ ವಾರಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಕ್ಯಾನಿನ ಮೇಲೆ ದಿನವೂ ಪೆನ್ನಿನಲ್ಲಿ ಗೆರೆ ಎಳೆಯಿರಿ. ಹರಿವು ಶೇಕಡ ಹತ್ತು ಇಳಿದ ಕೂಡಲೇ ತೊಳೆಯಿರಿ. ಲೋಳೆಗೆ ಕಾಸ್ಟಿಕ್, ಸುಣ್ಣಕ್ಕೆ ಶೇಕಡ 2ರ ಸಿಟ್ರಿಕ್ ಆಸಿಡ್, ಎರಡೂ ಇದ್ದರೆ ಕಾಸ್ಟಿಕ್ ಮೊದಲು.

ಯಾರೂ ಕೇಳದ ಪ್ರಶ್ನೆ ಉಪ್ಪು ಎಲ್ಲಿ ಹೋಗುತ್ತದೆ ಎಂಬುದು. ದಿನಕ್ಕೆ 8000 ಲೀಟರ್, ಲೀಟರಿಗೆ ಎರಡೂವರೆ ಗ್ರಾಂ, 20 ಕಿಲೋ. ವರ್ಷಕ್ಕೆ ಏಳು ಟನ್. ಘಟಕದ ಹಿಂದಿನ ಚರಂಡಿಗೆ ಬಿಟ್ಟರೆ ಅದೇ ಬೋರ್‌ವೆಲ್‌ಗೆ ಇಳಿಯುತ್ತದೆ. ದಿನಕ್ಕೆ 4 ಮಿಲಿಮೀಟರ್ ಆವಿಯಾಗುವ ಬಯಲಿನಲ್ಲಿ ಈ 4000 ಲೀಟರನ್ನು ಒಣಗಿಸಲು ಸಾವಿರ ಚದರ ಮೀಟರ್, ಅಂದರೆ ಕಾಲು ಎಕರೆ ಹೊಂಡ ಬೇಕು, ತಳಕ್ಕೆ ಹಾಳೆ ಹಾಸಿ. ಜಾಗವಿಲ್ಲದಿದ್ದರೆ ಪಾತ್ರೆ ತೊಳೆಯಲು, ಶೌಚಾಲಯಕ್ಕೆ ಬಳಸಿ ಹಂಚಿಬಿಡುವುದು ಇದ್ದುದರಲ್ಲಿ ಮೇಲು.

ಈಗ ನಮ್ಮೂರಿಗೆ ಬರೋಣ. ಕೊಡಗಿನ ಮನೆಗಳಲ್ಲಿ ಆರ್‌ಒ ಕಂಡಾಗ ಬೇಸರವಾಗುತ್ತದೆ. ಟಿಡಿಎಸ್ 80 ಇರುವ ನೀರನ್ನು 8ಕ್ಕೆ ಇಳಿಸಿ, ಎರಡು ಮೂರು ಪಟ್ಟು ನೀರು ಚೆಲ್ಲಿ ಆಗುವ ಲಾಭವೇನು? ಇಲ್ಲಿನ ಬೋರ್‌ವೆಲ್‌ಗಳ ತೊಂದರೆ ಕಬ್ಬಿಣ. ಬಕೆಟಿನಲ್ಲಿ ಹಿಡಿದಾಗ ತಿಳಿ, ಮಾರನೆಯ ಬೆಳಿಗ್ಗೆ ಕೆಂಪು. ಷವರ್ ತೂತುಗಳಿಂದ ಟ್ಯಾಂಕಿಗೆ ಬೀಳಿಸಿ ಗಾಳಿ ತಾಗಿಸಿ, ಮರಳಿನ ಶೋಧಕದಲ್ಲಿ ಇಳಿಸಿ, ಕುಡಿಯುವುದನ್ನು ಕುದಿಸಿದರೆ ಸಾಕು. ನೀರು ಹುಳಿಯಾಗಿದ್ದರೆ, ಪಿಎಚ್ 6.5ಕ್ಕಿಂತ ಕಡಿಮೆಯಿದ್ದರೆ, ಕಬ್ಬಿಣ ಬೇಗ ಬಿಡುವುದಿಲ್ಲ. ಮರಳಿನ ಮೊದಲು ಸುಣ್ಣಕಲ್ಲಿನ ಚೂರಿನ ಒಂದು ಪದರ ಹಾಕಿ.

ಗಾಜಿನ ಪೆಟ್ಟಿಗೆಗೆ ಇಲ್ಲಿ ಕೆಲಸವಿರುವುದು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ. ಒಂದು ಮೀಟರ್ ಚೌಕದ ತಟ್ಟೆ, ಒಳಗೆ ಕಪ್ಪು ಬಣ್ಣ, ತಳಕ್ಕೂ ಬದಿಗೂ ಎರಡು ಇಂಚು ಥರ್ಮೋಕೋಲ್, ಮೇಲೆ 4 ಮಿಲಿಮೀಟರ್ ಗಾಜು ದಕ್ಷಿಣಕ್ಕೆ 15 ಡಿಗ್ರಿ ಇಳಿಜಾರಾಗಿ. ನೀರು ಎರಡು ಸೆಂಟಿಮೀಟರ್, ಅಂದರೆ 20 ಲೀಟರ್. ಹೆಚ್ಚು ತುಂಬಿದರೆ ಕಾಯಲು ಹೊತ್ತು ಹಿಡಿಯುತ್ತದೆ. ಗಾಜಿನ ಕೆಳ ಅಂಚಿಗೆ ಸೀಳಿದ ಪಿವಿಸಿ ಪೈಪಿನ ದೋಣಿ. ತಗಡಿನದು ಬೇಡ, ಲೋಹದ ಅಂಶ ಬ್ಯಾಟರಿಗೆ ಹೋಗಬಾರದು. ಗಾಜಿನ ಒಳಮೈ ಸೋಪಿನಿಂದ ಚೆನ್ನಾಗಿ ತೊಳೆದಿರಲಿ. ಜಿಡ್ಡಿದ್ದರೆ ಆವಿ ಪೊರೆಯಾಗಿ ಹರಿಯದೆ ಮುತ್ತುಗಟ್ಟಿ ವಾಪಸ್ ತಟ್ಟೆಗೇ ಉದುರುತ್ತದೆ. ಸಿಲಿಕಾನ್ ಅಂಟಿನ ಹುಳಿ ವಾಸನೆ ಹೋಗುವವರೆಗೆ ಬಂದ ನೀರು ಚೆಲ್ಲಿ. ಕಾಫಿ ಕಣದ ಪಕ್ಕ ಇಟ್ಟರೆ ಧೂಳು, ಸಿಲ್ವರ್ ಓಕ್ ಕೆಳಗೆ ಇಟ್ಟರೆ ನೆರಳು.

ಫೆಬ್ರವರಿ–ಮಾರ್ಚಿನಲ್ಲಿ ದಿನಕ್ಕೆ ಎರಡೂವರೆ ಮೂರು ಲೀಟರ್ ಸಿಗುತ್ತದೆ, ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಮಳೆಯ ತಿಂಗಳು) ಒಂದು ಲೀಟರ್ ಬಂದರೆ ಹೆಚ್ಚು. ಕರೆಂಟು ಹೋಗುವುದು, ಬ್ಯಾಟರಿ ದುಡಿಯುವುದು ಆಗಲೇ. ಆದ್ದರಿಂದ ಬೇಸಿಗೆಯಲ್ಲೇ ಎರಡು ಕ್ಯಾನ್ ತುಂಬಿ ಮುಚ್ಚಿಡಿ. ಬ್ಯಾಟರಿಗೆ ಹಾಕುವುದು ಪೂರ್ತಿ ಚಾರ್ಜ್ ಆದ ಮೇಲೆ. ಪ್ಲೇಟುಗಳು ಬರಿದಾಗಿ ಕಂಡರೆ ಮಾತ್ರ ಮುಳುಗುವಷ್ಟು ಮೊದಲು ಹಾಕಿ. ಚಾರ್ಜಿಗೆ ಮುಂಚೆಯೇ ಗುರುತಿನವರೆಗೆ ತುಂಬಿಸಿದರೆ ಆಸಿಡ್ ಉಬ್ಬಿ ಮುಚ್ಚಳದಿಂದ ಹೊರಬಂದು ಟರ್ಮಿನಲ್ ಮೇಲೆ ಹಸಿರು ಕಟ್ಟುತ್ತದೆ.