ಗಾರೆ ಇಲ್ಲದ ಗೋಡೆ

ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸದ್ದು ಕೇಳಿಸುತ್ತೇನೆ. ಸ್ವಲ್ಪ ಕಿವಿಗೊಡಿ.

ಟಕ್.

ಇನ್ನೊಂದು ಸಲ. ಟಕ್.

ಎರಡು ಪ್ಲಾಸ್ಟಿಕ್ ಇಟ್ಟಿಗೆ ಒಂದರ ಮೇಲೊಂದು ಕೂರುವ ಸದ್ದು ಇದು. ಮಕ್ಕಳು ಜೋಡಿಸಿ ಆಡುವ ಇಟ್ಟಿಗೆ. ಐವತ್ತೇಳು ವರ್ಷದವನು ಮೈಕಿನ ಮುಂದೆ ಆಟದ ಸಾಮಾನು ಹಿಡಿದು ಕೂತಿದ್ದಾನೆ ಅಂತ ಗಾಜಿನ ಆಚೆ ಕೂತವರು ನಗುತ್ತಿದ್ದಾರೆ. ನಗಲಿ. ಈ ಸದ್ದು ನನ್ನ ಕೈಗೆ ಸಿಗಲು ಮೂವತ್ತು ವರ್ಷ ಹಿಡಿಯಿತು.

ನಮ್ಮೂರು ಚನ್ನಪಟ್ಟಣ. ಬೊಂಬೆಯ ಊರು ಅಂತ ನಿಮಗೆ ಗೊತ್ತೇ ಇದೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಬೆಳಗಾದರೆ ಲೇತಿನ ಸದ್ದು. ಆಲೆ ಮರದ ತುಂಡು ತಿರುಗುತ್ತಿತ್ತು, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದರು, ಮೇಲೆ ತಾಳೆಗರಿ ಹಿಡಿದು ಮಿರಿಮಿರಿ ಮಾಡುತ್ತಿದ್ದರು. ಬುಗುರಿ, ಗಿಲಕಿ, ಗಾಡಿಯ ಚಕ್ರ, ಬೊಂಬೆಯ ತಲೆ. ಎಲ್ಲವೂ ದುಂಡು. ನನಗೆ ಬೇಕಾಗಿದ್ದು ಇಟ್ಟಿಗೆ. ಇಟ್ಟಿಗೆಗೆ ಮೂಲೆ ಬೇಕು. ತಿರುಗುವ ಲೇತಿನಲ್ಲಿ ಮೂಲೆ ಹುಟ್ಟುವುದಿಲ್ಲ. ಬೊಂಬೆಯ ಊರಿನಲ್ಲಿ ಹುಟ್ಟಿಯೂ ನನಗೆ ಬೇಕಾದ ಆಟಿಕೆ ಸಿಗಲಿಲ್ಲ ನೋಡಿ.

ಇಟ್ಟಿಗೆಯೇ ಯಾಕೆ ಬೇಕಿತ್ತು ಅಂದರೆ, ನಮ್ಮಪ್ಪ ಗಾರೆ ಮೇಸ್ತ್ರಿ. ರಜೆ ಬಂದರೆ ಅವರ ಕೆಲಸದ ಜಾಗಕ್ಕೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ದಾರ ಕಟ್ಟಿ, ತೂಗುಗುಂಡು ಇಳಿಬಿಟ್ಟು, ಕರಣೆಯಿಂದ ಗಾರೆ ಹರಡಿ, ಇಟ್ಟಿಗೆ ಇಟ್ಟು ಕರಣೆಯ ಹಿಡಿಯಿಂದ ಎರಡು ಸಲ ತಟ್ಟುತ್ತಿದ್ದರು. ನಾನೂ ಮನೆಯಲ್ಲಿ ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನೇ ಅಚ್ಚು ಮಾಡಿಕೊಂಡೆ. ಕೆರೆಯ ಜೇಡಿ ತುಂಬಿ ಬಿಸಿಲಿಗೆ ಇಟ್ಟೆ. ಮಾರನೆಯ ದಿನ ನೋಡಿದರೆ ಅರ್ಧ ಬಿರುಕು ಬಿಟ್ಟಿದ್ದವು. ಉಳಿದವು ಅಚ್ಚಿಗಿಂತ ಸಣ್ಣವಾಗಿ, ತಟ್ಟೆಯೊಳಗೆ ಲೊಡಲೊಡ ಅಲ್ಲಾಡುತ್ತಿದ್ದವು.

"ಅಪ್ಪ, ಯಾಕಿಂಗಾಯ್ತು?" ಅಂದೆ.

"ಜೇಡಿ ಒಣಗಿದ್ರೆ ಕುಗ್ತದೆ ಕಣ್ಲಾ. ಮರಳು ಬೆರೆಸು," ಅಂದರು. ಆಮೇಲೆ ನಾನು ಕಟ್ಟಿದ ಗೇಣುದ್ದದ ಗೋಡೆ ನೋಡಿ, ಒಂದೇ ಬೆರಳಿಂದ ದಬ್ಬಿ ಬೀಳಿಸಿದರು. ನಾನು ಅಳುವ ಹಾಗಾದೆ. "ಸಂದಿ ಮೇಲೆ ಸಂದಿ ತಂದಿದ್ದೀಯ. ಮೇಲಿನ ಇಟ್ಟಿಗೆ ಕೆಳಗಿನ ಎರಡರ ಮೇಲೂ ಕೂರ್ಬೇಕು." ಅವರು ನನಗೆ ಕೂರಿಸಿಕೊಂಡು ಹೇಳಿಕೊಟ್ಟ ಪಾಠ ಅಂದರೆ ಇದೊಂದೇ ಇರಬೇಕು.

1977ರ ದೀಪಾವಳಿ. ಅಪ್ಪ ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಬರುವಾಗ ಚಿಕ್ಕಪೇಟೆಯಿಂದ ಒಂದು ಡಬ್ಬಿ ತಂದರು. ಒಳಗೆ ಕೆಂಪು, ಹಳದಿ, ನೀಲಿ ಪ್ಲಾಸ್ಟಿಕ್ ಇಟ್ಟಿಗೆ. ಮೇಲೆ ಅಂಗಿ ಗುಂಡಿಯ ಹಾಗೆ ಗುಂಡಿಗಳು, ಕೆಳಗೆ ಟೊಳ್ಳು. ಡಬ್ಬಿಯ ಮೇಲಿನ ಚಿತ್ರದಲ್ಲಿ ಒಂದು ದೊಡ್ಡ ಬಂಗಲೆ. ಒಳಗಿದ್ದ ಇಟ್ಟಿಗೆಯಲ್ಲಿ ಆ ಬಂಗಲೆಯ ಬಚ್ಚಲುಮನೆಯೂ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಅಪ್ಪ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಗಾರೆ ಇಲ್ದೆ ಹೆಂಗ್ಲಾ ನಿಲ್ತದೆ ಇದು?"

ನಿಲ್ಲಲಿಲ್ಲ. ಅದೇ ಬೇಜಾರು. ಕೆಲವು ಇಟ್ಟಿಗೆ ಎಷ್ಟು ಒತ್ತಿದರೂ ಕೂರುತ್ತಿರಲಿಲ್ಲ. ಕೆಲವು ಕೂತರೂ ಉಸಿರು ತಾಗಿದರೆ ಜಾರುತ್ತಿದ್ದವು. ನಾಲ್ಕು ವರಸೆ ಮೇಲೆ ಹೋದರೆ ಗೋಡೆ ಹೊಟ್ಟೆ ಬಿಡುತ್ತಿತ್ತು. ಕೊನೆಗೆ ನಾನೇ ಒಂದು ಉಪಾಯ ಕಂಡುಕೊಂಡೆ. ಹಳೆಯ ಪೇಪರಿನ ಚೂರು ಮಡಚಿ ಗುಂಡಿಯ ಮೇಲಿಟ್ಟು, ಅದರ ಮೇಲೆ ಇಟ್ಟಿಗೆ ಒತ್ತುವುದು. ಗಟ್ಟಿಯಾಗಿ ಹಿಡಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ಹೀಗೆ ನನ್ನ ಬಾಲ್ಯದ ಮನೆಗಳೆಲ್ಲ ಪೇಪರಿನ ಗಾರೆ ಹಾಕಿ ಕಟ್ಟಿದವು.

ಎಸ್ಸೆಸ್ಸೆಲ್ಸಿ ಆದಮೇಲೆ ಬೆಂಗಳೂರಿನ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಸೇರಿದೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಅಂದರೆ ಅಚ್ಚು ಮಾಡುವ ವಿದ್ಯೆ. ಈ ಸಂಸ್ಥೆ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಶುರುವಾಗಿದ್ದು. ಡೆನ್ಮಾರ್ಕ್ ಎಲ್ಲಿದೆ ಅಂತಲೂ ನನಗೆ ಆಗ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಇಟ್ಟಿಗೆಗೂ ಆ ದೇಶಕ್ಕೂ ನಂಟಿದೆ ಅಂತ ಯಾರೂ ಹೇಳಿರಲಿಲ್ಲ.

ಮೊದಲು ಕೊಟ್ಟಿದ್ದು ಒಂದು ಕಬ್ಬಿಣದ ತುಂಡು, ಒಂದು ಅರ. ಉಜ್ಜು. ಚೌಕ ಮಾಡು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ವಾರಗಟ್ಟಲೆ ಅದೇ. ಅಂಗೈಯಲ್ಲಿ ಬೊಬ್ಬೆ. ಆಮೇಲೆ ಒಂದು ತುಂಡಿನಲ್ಲಿ ತೋಡು, ಇನ್ನೊಂದರಲ್ಲಿ ಅದರೊಳಗೆ ಕೂರುವಷ್ಟೇ ಉಬ್ಬು. ಎರಡೂ ಸೇರಬೇಕು, ಸಡಿಲ ಇರಬಾರದು, ಬಡಿದು ಕೂರಿಸುವ ಹಾಗೂ ಇರಬಾರದು. ಕೈಯಿಂದ ಒತ್ತಿದರೆ ಕೂರಬೇಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂತ ಪುಸ್ತಕ ಹೇಳುತ್ತದೆ. ನನಗೆ ಅದು ಬೆರಳಿನಿಂದ ಗೊತ್ತಾಯಿತು.

ಅಚ್ಚಿನ ಪಾಠದಲ್ಲಿ ಒಂದು ದಿನ ಮೇಷ್ಟ್ರು ಕುಗ್ಗುವಿಕೆ ಬಗ್ಗೆ ಹೇಳಿದರು. ಬಿಸಿ ಪ್ಲಾಸ್ಟಿಕ್ಕು ಅಚ್ಚಿನೊಳಗೆ ತಣ್ಣಗಾಗುವಾಗ ಕುಗ್ಗುತ್ತದೆ. ಎಬಿಎಸ್ ಅನ್ನುವ ಪ್ಲಾಸ್ಟಿಕ್ಕು ನೂರು ಮಿಲಿಮೀಟರಿಗೆ ಸುಮಾರು ಅರ್ಧ ಮಿಲಿಮೀಟರ್. ಪಾಲಿಪ್ರೊಪಿಲೀನ್ ಅದರ ಮೂರರಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಎಲ್ಲ ಕಡೆ ಒಂದೇ ಸಮ ಕುಗ್ಗಿದರೆ ಅಚ್ಚನ್ನು ಅಷ್ಟು ದೊಡ್ಡದು ಮಾಡಿದರಾಯಿತು. ಆದರೆ ದಪ್ಪ ಇದ್ದ ಕಡೆ ಜಾಸ್ತಿ ಕುಗ್ಗುತ್ತದೆ, ತೆಳು ಇದ್ದ ಕಡೆ ಕಮ್ಮಿ. ಗೋಡೆ ಒಳಕ್ಕೆ ಬಾಗುತ್ತದೆ. ನಾನು ಬೆಂಚಿನಲ್ಲಿ ಕೂತಲ್ಲೇ ನಮ್ಮ ಚಿಕ್ಕಪೇಟೆ ಡಬ್ಬಿ ನೆನೆಸಿಕೊಂಡೆ. ಅದಕ್ಕಿಂತ ಹಿಂದೆ, ಬೆಂಕಿಪೊಟ್ಟಣದ ಜೇಡಿ. ಅಪ್ಪ ಹೇಳಿದ್ದು ಇದನ್ನೇ ಅಲ್ವಾ?

1989ರಲ್ಲಿ ಪೀಣ್ಯದಲ್ಲಿ ಕೆಲಸ. ಬಾಟಲಿ ಮುಚ್ಚಳ, ಸ್ವಿಚ್ ಬಾಕ್ಸು, ಟಿಫನ್ ಡಬ್ಬಿ, ಹೀಗೆ ಏನೇನಕ್ಕೋ ಅಚ್ಚು ಮಾಡಿದೆ. ನಾಲ್ಕೈದು ವರ್ಷದ ಮೇಲೆ ಒಬ್ಬ ಗಿರಾಕಿ ಬಂದು ಆಟದ ಇಟ್ಟಿಗೆಗೆ ಅಚ್ಚು ಬೇಕು ಅಂದರು. ನನಗಾದ ಖುಷಿ ಹೇಳತೀರದು. ಎಬಿಎಸ್ ಲೆಕ್ಕದಲ್ಲಿ ಅಳತೆ ಹಾಕಿ, ರಾತ್ರಿ ಹಗಲು ಕೂತು ಅಚ್ಚು ಮಾಡಿದೆ. ಆ ಮನುಷ್ಯ ಹೋಗಿ ಅಗ್ಗದ ಪಾಲಿಪ್ರೊಪಿಲೀನು, ಅದರಲ್ಲೂ ಅರ್ಧ ಪುಡಿ ಮಾಡಿದ ಹಳೇ ಮಾಲು ಹಾಕಿ ಇಟ್ಟಿಗೆ ತೆಗೆದರು. ಒಂದು ಚೀಲ ನನಗೂ ಕಳಿಸಿದರು. ಜೋಡಿಸಿ ನೋಡಿದೆ. ಜಾರಿತು. ನಾನು ಒಂಬತ್ತು ವರ್ಷದವನಿದ್ದಾಗ ಯಾವ ಇಟ್ಟಿಗೆಯನ್ನು ಬೈದುಕೊಂಡಿದ್ದೆನೋ ಅಂಥದ್ದನ್ನೇ ಸಾವಿರಗಟ್ಟಲೆ ಮಕ್ಕಳ ಕೈಗೆ ಕೊಟ್ಟಿದ್ದೆ. ತಪ್ಪು ನನ್ನದೂ ಹೌದು. ಯಾವ ಮಾಲು ಹಾಕುತ್ತೀರಿ ಅಂತ ಬರೆಸಿಕೊಳ್ಳಬೇಕಿತ್ತು. ಬರೆಸಿಕೊಂಡಿರಲಿಲ್ಲ.

ಆಮೇಲೆ ಹಟ ಹಿಡಿದು ಈ ಇಟ್ಟಿಗೆಯ ಕಥೆ ಹುಡುಕಿದೆ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನುವ ಪುಟ್ಟ ಊರು. ಅಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅನ್ನುವ ಬಡಗಿ. ಮನೆ ಕೆಲಸ, ಮರಗೆಲಸ ಮಾಡಿಕೊಂಡಿದ್ದವರು. 1930ರ ದಶಕದ ಆರಂಭದಲ್ಲಿ ಎಲ್ಲ ಕಡೆ ದುಡ್ಡಿನ ಮುಗ್ಗಟ್ಟು, ಮನೆ ಕಟ್ಟಿಸುವವರೇ ಇಲ್ಲ. ಅದಕ್ಕೆ 1932ರಿಂದ ಮರದ ಆಟಿಕೆ ಮಾಡತೊಡಗಿದರು. ಅವರ ಕಂಪನಿಗೆ ಲೆಗೋ ಅನ್ನುವ ಹೆಸರು ಬಂದದ್ದು "ಚೆನ್ನಾಗಿ ಆಡು" ಅನ್ನುವ ಅವರ ಭಾಷೆಯ ಎರಡು ಪದಗಳಿಂದ. 1942ರಲ್ಲಿ ಕಾರ್ಖಾನೆ ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಮರ ಬಿಡದೆಯೇ ಪ್ಲಾಸ್ಟಿಕ್ ಯಂತ್ರವನ್ನೂ ತಂದರು. 1949ರಲ್ಲಿ ಮೊದಲ ಇಟ್ಟಿಗೆ ಬಂತು. ಅದು ಪೂರ್ತಿ ಅವರದೇ ಯೋಚನೆಯಲ್ಲ. ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಅನ್ನುವವರು ಅಂಥ ಇಟ್ಟಿಗೆಯನ್ನು ಮೊದಲೇ ಮಾಡಿದ್ದರು. ಅದನ್ನು ನೋಡಿಯೇ ಇವರು ಮಾಡಿದ್ದು. ಈ ಪೇಜ್ ಹೆಸರನ್ನು ಹೇಳುವವರು ಕಮ್ಮಿ, ಅದಕ್ಕೇ ಹೇಳಿದೆ.

ನನಗೆ ನಿಜವಾಗಿ ಸಮಾಧಾನ ಕೊಟ್ಟ ಸಂಗತಿ ಬೇರೆ. 1949ರ ಆ ಇಟ್ಟಿಗೆಯೂ ಕೆಳಗೆ ಬರೀ ಟೊಳ್ಳು. ಅದೂ ಸರಿಯಾಗಿ ಹಿಡಿಯುತ್ತಿರಲಿಲ್ಲ! ನಮ್ಮ ಚಿಕ್ಕಪೇಟೆ ಇಟ್ಟಿಗೆಯ ದೊಡ್ಡಣ್ಣ. ಓಲೆ ಕಿರ್ಕ್ ಅವರ ಮಗ ಗಾಟ್‌ಫ್ರೆಡ್ ಆ ಟೊಳ್ಳಿನೊಳಗೆ ಕೊಳವೆ ಇಡುವ ಉಪಾಯಕ್ಕೆ ಪೇಟೆಂಟ್ ಕೇಳಿದ್ದು 1958ರ ಜನವರಿ 28ರಂದು. ಓಲೆ ಕಿರ್ಕ್ ತೀರಿಕೊಂಡಿದ್ದು ಅದೇ ವರ್ಷದ ಮಾರ್ಚಿನಲ್ಲಿ.

ಆ ಕೊಳವೆಯ ಕೆಲಸ ತುಂಬಾ ಸರಳ. ಒಂದು ಗುಂಡಿಯ ನಡುವಿನಿಂದ ಪಕ್ಕದ ಗುಂಡಿಯ ನಡುವಿಗೆ 8 ಮಿಲಿಮೀಟರ್. ಗುಂಡಿಯ ಅಗಲ 4.8. ನಾಲ್ಕು ಗುಂಡಿಗಳ ಮಧ್ಯೆ ಉಳಿಯುವ ಜಾಗದಲ್ಲಿ ಒಂದು ಕೊಳವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಈಗ ಪ್ರತಿ ಗುಂಡಿಯನ್ನೂ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕೊಳವೆ ಒತ್ತಿ ಹಿಡಿಯುತ್ತವೆ. ಈ ಒತ್ತು ಕೂದಲೆಳೆಗಿಂತ ಸಣ್ಣ ಲೆಕ್ಕದ್ದು. ಅವರ ಅಚ್ಚಿನಲ್ಲಿ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟೂ ಹೆಚ್ಚುಕಮ್ಮಿ ಆಗುವ ಹಾಗಿಲ್ಲ. 1963ರಿಂದ ಮಾಲು ಎಬಿಎಸ್. ಆಗಿನ ಇಟ್ಟಿಗೆಯ ಮೇಲೆ ಇವತ್ತಿನದನ್ನು ಇಟ್ಟರೆ ಇವತ್ತಿಗೂ ಕೂರುತ್ತದೆ. ಅಚ್ಚು ಮಾಡುವವನಿಗೆ ಈ ಮಾತು ಕೇಳಿದರೆ ಮೈ ಜುಮ್ ಅನ್ನುತ್ತದೆ. ಬೇರೆಯವರಿಗೆ ಹಾಗನ್ನಿಸದಿದ್ದರೆ ಬೇಸರವಿಲ್ಲ.

2007ರಲ್ಲಿ ಮಗಳಿಗೆ ಆರು ವರ್ಷ. ಅಂಗಡಿಯಲ್ಲಿ ಲೆಗೋ ಡಬ್ಬಿ ಕಂಡಿತು. ಬೆಲೆ ನನ್ನ ಮೊದಲ ಸಂಬಳಕ್ಕಿಂತ ಜಾಸ್ತಿ. ಮಗಳಿಗೆ ಅಂತ ಹೇಳಿ ಕೊಂಡೆ. ಮನೆಯಲ್ಲಿ ಡಬ್ಬಿ ಒಡೆದು ಮೊದಲ ಎರಡು ಇಟ್ಟಿಗೆ ಜೋಡಿಸಿದ್ದು ನಾನು. ಟಕ್.

ಅವಳಿಗೆ ಲೆಕ್ಕ ಅಂದರೆ ಇಷ್ಟ. ಒಂದೇ ಬಣ್ಣದ, ಎಂಟು ಗುಂಡಿಯ ಆರು ಇಟ್ಟಿಗೆಯನ್ನು ಎಷ್ಟು ಥರ ಜೋಡಿಸಬಹುದು ಹೇಳು ಅಂದೆ. "ನೂರು?" ಅಂದಳು. 91,51,03,765. ಕಂಪನಿಯವರೇ ಬಹಳ ಕಾಲ 10,29,81,500 ಅಂತ ಹೇಳುತ್ತಿದ್ದರು. ಅದು ಒಂದರ ಮೇಲೊಂದು ಆರು ಅಂತಸ್ತು ಬರುವ ಗೋಪುರಗಳ ಲೆಕ್ಕ ಮಾತ್ರ. ಸೋರೆನ್ ಐಲರ್ಸ್ ಅನ್ನುವ ಡೆನ್ಮಾರ್ಕಿನ ಗಣಿತಜ್ಞರು ಉಳಿದದ್ದನ್ನೂ ಎಣಿಸಿದರು. ಮಗಳು ಆ ಅಂಕಿಯನ್ನು ಗೋಡೆ ಮೇಲೆ ಬರೆದು ಅಮ್ಮನ ಕೈಲಿ ಬೈಸಿಕೊಂಡಳು.

ಆ ವಾರ ಅಪ್ಪ ಊರಿಂದ ಬಂದಿದ್ದರು. ಕೈ ನಡುಗುತ್ತಿತ್ತು, ಕರಣೆ ಬಿಟ್ಟು ಕೆಲವು ವರ್ಷ ಆಗಿತ್ತು. ಮೊಮ್ಮಗಳ ಪಕ್ಕ ಚಾಪೆಯ ಮೇಲೆ ಕೂತು, ಅವಳು ಕಟ್ಟಿದ ಗೋಡೆಯನ್ನು ಒಂದು ಬೆರಳಿಂದ ದಬ್ಬಿದರು. ಬೀಳಲಿಲ್ಲ. ಇನ್ನೊಮ್ಮೆ ದಬ್ಬಿದರು. ಗೋಡೆ ಇಡಿಯಾಗಿ ಚಾಪೆಯ ಮೇಲೆ ಜರುಗಿತು, ಮುರಿಯಲಿಲ್ಲ. ಎತ್ತಿ ಸಂದಿ ನೋಡಿದರು. "ಸಂದಿ ಮೇಲೆ ಸಂದಿ ಬಂದದೆ. ಆದ್ರೂ ನಿಂತದಲ್ಲ," ಅಂದರು. ಅವರಿಗೆ ಅದು ಅಷ್ಟು ಇಷ್ಟವಾದ ಹಾಗೆ ಕಾಣಲಿಲ್ಲ.

ಮಗಳು ಎದ್ದು ಹೋಗಿ ನನ್ನ ಹಳೇ ಟೂಲ್ ಪೆಟ್ಟಿಗೆಯಿಂದ ಒಂದು ಕೆಂಪು ಇಟ್ಟಿಗೆ ತಂದಳು. 1977ರದ್ದು, ಉಳಿದಿದ್ದು ಅದೊಂದೇ. ಹೊಸ ಇಟ್ಟಿಗೆಯ ಮೇಲೆ ಒತ್ತಿದಳು. ಜಾರಿತು. "ತಾತ, ಇದು ಕೂರಲ್ಲ," ಅಂದಳು.

ಅಪ್ಪ ಅತ್ತಿತ್ತ ನೋಡಿದರು. ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆಯಿಂದ ಒಂದು ಮೂಲೆ ಹರಿದರು. ಎರಡು ಮಡಿಕೆ ಮಾಡಿ ಗುಂಡಿಯ ಮೇಲಿಟ್ಟರು. ಕೆಂಪು ಇಟ್ಟಿಗೆ ಇಟ್ಟು ಹೆಬ್ಬೆರಳಿಂದ ಒತ್ತಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು.

"ಗಾರೆ," ಅಂದರು.

ಆ ಜೋಡಿ ಇಟ್ಟಿಗೆ ಇನ್ನೂ ಹಾಗೇ ಇದೆ. ಇವತ್ತು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದೇನೆ. ನಿಮಗೆ ಕೇಳಿಸಲು ಅದರಿಂದ ಯಾವ ಸದ್ದೂ ಬರುವುದಿಲ್ಲ. ನಮಸ್ಕಾರ.