ಮೂತ್ರಪಿಂಡದ ಕೋಶಗಳು ನಂಬುವುದು ಯಾವ ಒತ್ತಡವನ್ನು?

ಎಲ್ಲರಿಗೂ ನಮಸ್ಕಾರ.

ಬಿಪಿ ಎಂದೊಡನೆ ನಮ್ಮ ಕೈ ಎದೆಯ ಮೇಲೆ ಹೋಗುತ್ತದೆ. ಅದು ಹೃದಯದ ಕಾಯಿಲೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಸಿಟ್ಟು, ಗಾಬರಿ, ನಿದ್ದೆಗೇಡು ರಕ್ತದೊತ್ತಡವನ್ನು ಆ ಗಳಿಗೆಗೆ ಏರಿಸುವುದು ನಿಜ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದು ಯಾವ ಮಟ್ಟದಲ್ಲಿ ನಿಲ್ಲಬೇಕು ಎಂಬ ವಿಷಯದಲ್ಲಿ ಕೊನೆಯ ಮಾತು ಮೂತ್ರಪಿಂಡದ್ದು. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆರ್ಥರ್ ಗೈಟನ್ ಮತ್ತೆ ಮತ್ತೆ ವಾದಿಸಿದ್ದು ಇದನ್ನೇ. ಆ ವಾದಕ್ಕೆ ಈಗ ಅಲ್ಲಲ್ಲಿ ತಕರಾರುಗಳಿವೆ. ನನ್ನ ಮಟ್ಟಿಗೆ ಅದರ ತಳಹದಿ ಇನ್ನೂ ಗಟ್ಟಿಯಾಗಿಯೇ ಇದೆ. ಇವತ್ತು ನಾನು ಇಡೀ ಮೂತ್ರಪಿಂಡದ ಬಗ್ಗೆ ಮಾತನಾಡುವುದಿಲ್ಲ. ಅದರೊಳಗೆ ಬೆರಳೆಣಿಕೆಯ ಕೋಶಗಳು ಗುಂಪುಗೂಡಿ ಕುಳಿತ ಒಂದು ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ.

ಒಂದು ಮೂತ್ರಪಿಂಡ ನಮ್ಮ ಮುಷ್ಟಿಯ ಗಾತ್ರದ್ದು, ತೂಕ ಸುಮಾರು 150 ಗ್ರಾಂ. ಆದರೂ ಹೃದಯ ಹೊರಗೆ ತಳ್ಳುವ ರಕ್ತದಲ್ಲಿ ಐದರಲ್ಲೊಂದು ಪಾಲು ಈ ಎರಡಕ್ಕೇ ಸಲ್ಲುತ್ತದೆ. ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು. ಒಂದೊಂದರಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಪುಟ್ಟ ಘಟಕಗಳಿವೆ, ಅವೇ ನೆಫ್ರಾನ್‌ಗಳು. ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ ಹೊರಬರುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಮೂತ್ರವಾಗಿ ಹೋಗುತ್ತದೆ, ಉಳಿದದ್ದೆಲ್ಲ ಮರಳಿ ರಕ್ತ ಸೇರುತ್ತದೆ. ಇಷ್ಟು ಭಾರೀ ವ್ಯವಹಾರದಲ್ಲಿ ಲೆಕ್ಕ ಸ್ವಲ್ಪ ತಪ್ಪಿದರೂ ಮೈಯಲ್ಲಿನ ಉಪ್ಪು ನೀರಿನ ಅಳತೆ ಏರುಪೇರಾಗುತ್ತದೆ, ಅದರ ಬೆನ್ನಿಗೇ ರಕ್ತದೊತ್ತಡವೂ ಏರುಪೇರಾಗುತ್ತದೆ.

ಲೆಕ್ಕ ನೋಡುವವರು ಯಾರು? ನೆಫ್ರಾನಿನ ರಚನೆಯಲ್ಲಿ ಒಂದು ವಿಚಿತ್ರವಿದೆ. ಸಣ್ಣ ರಕ್ತನಾಳವೊಂದು ಒಳಬಂದು ಗೊಂಚಲಾಗಿ ಗ್ಲೊಮೆರುಲಸ್ ಆಗುತ್ತದೆ. ಅಲ್ಲಿ ಸೋಸಿದ ದ್ರವ ಒಂದು ನಳಿಕೆಯಲ್ಲಿ ಹರಿದು, ಮೂತ್ರಪಿಂಡದ ಆಳಕ್ಕೆ ಇಳಿದು, ಮತ್ತೆ ಮೇಲೇರುತ್ತದೆ. ಹಾಗೆ ಮೇಲೇರಿದ ನಳಿಕೆ ತಾನು ಹೊರಟ ಅದೇ ಗ್ಲೊಮೆರುಲಸ್‌ನ ಬಳಿಗೆ ಬಂದು, ರಕ್ತ ಒಳಬರುವ ನಾಳಕ್ಕೆ ಮೈ ತಾಗಿಸಿಕೊಂಡು ಮುಂದೆ ಹೋಗುತ್ತದೆ. ಲಕ್ಷಗಟ್ಟಲೆ ನಳಿಕೆಗಳಲ್ಲಿ ಒಂದೂ ದಾರಿ ತಪ್ಪಿ ಪಕ್ಕದವರ ಮನೆಗೆ ಹೋಗುವುದಿಲ್ಲ. ಇಟಲಿಯ ಕಮಿಲ್ಲೋ ಗಾಲ್ಗಿ ಇದನ್ನು 1889ರಲ್ಲೇ ಗಮನಿಸಿದ್ದರು. ನಮ್ಮ ಹಳೆಯ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ತೂಬನ್ನು ಎಷ್ಟು ಎತ್ತಬೇಕು ಎಂದು ಆತ ತೂಬಿನ ಬಳಿ ನಿಂತು ತೀರ್ಮಾನಿಸುತ್ತಿರಲಿಲ್ಲ; ಕಾಲುವೆಯ ಕೊನೆಯ ಗದ್ದೆಗೆ ಎಷ್ಟು ನೀರು ಮುಟ್ಟಿತು ಎಂದು ನೋಡಿ ಬಂದು ತೀರ್ಮಾನಿಸುತ್ತಿದ್ದ. ಮೂತ್ರಪಿಂಡದಲ್ಲಿ ಕಾಲುವೆಯೇ ತೂಬಿನ ಬಳಿಗೆ ಬಂದು ವರದಿ ಒಪ್ಪಿಸುತ್ತದೆ.

ಈ ಎರಡೂ ತಾಗುವ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಳಿಕೆಯ ಒಂದು ಬದಿಯಲ್ಲಿ ಕೋಶಗಳು ಎತ್ತರವಾಗಿ, ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ಕೋಶಕೇಂದ್ರಗಳು ಒಂದರ ಪಕ್ಕ ಒಂದು ಇಕ್ಕಟ್ಟಾಗಿ ಸೇರಿ ಕಪ್ಪು ಪಟ್ಟಿಯೊಂದು ಕಾಣುತ್ತದೆ. ಇದೇ ಮ್ಯಾಕುಲಾ ಡೆನ್ಸಾ. ಎದುರಿಗೆ ರಕ್ತನಾಳದ ಗೋಡೆಯಲ್ಲಿ ಮಾಂಸತಂತುಗಳು ಇರಬೇಕಾದ ಕಡೆ ದುಂಡುದುಂಡಾದ ಬೇರೆ ಕೋಶಗಳಿರುತ್ತವೆ. ಮೂಲದಲ್ಲಿ ಇವೂ ಸ್ನಾಯುಕೋಶಗಳ ಬಳಗದವೇ. ಸಂಕುಚಿಸುವ ಕಸುಬನ್ನು ಹೆಚ್ಚುಕಡಿಮೆ ಬಿಟ್ಟು, ಮೈತುಂಬ ಹರಳಿನಂಥ ಕಣಗಳನ್ನು ತುಂಬಿಕೊಂಡಿವೆ. ವಿದ್ಯಾರ್ಥಿಗಳು ಪ್ರಯೋಗಾಲಯದ ಸಾಮಾನ್ಯ ಸ್ಲೈಡಿನಲ್ಲಿ ಈ ಕಣಗಳನ್ನು ಹುಡುಕಿ ಹುಡುಕಿ ಸೋಲುತ್ತಾರೆ. ವಿಶೇಷ ಬಣ್ಣ ಹಾಕದೆ ಅವು ಕಾಣುವುದಿಲ್ಲ. ರೌಟರ್ ಎಂಬವರು ಇವನ್ನು 1925ರಲ್ಲಿ ವರ್ಣಿಸಿದರು. ಇವುಗಳ ಪಠ್ಯಪುಸ್ತಕದ ಹೆಸರು ಜಕ್ಸ್ಟಾಗ್ಲೊಮೆರುಲರ್ ಕೋಶ. ನಾಲಿಗೆಗೆ ಕಷ್ಟವಾದ್ದರಿಂದ ನಾನು ರೆನಿನ್ ಕೋಶ ಎಂದೇ ಕರೆಯುತ್ತೇನೆ, ಏಕೆಂದರೆ ಆ ಕಣಗಳಲ್ಲಿ ಇರುವುದು ರೆನಿನ್ ಎಂಬ ಕಿಣ್ವ.

ರೆನಿನ್ ಯಾವಾಗ ಬಿಡುಗಡೆಯಾಗುತ್ತದೆ? ನಾಳದ ಗೋಡೆಯ ಬಿಗಿ ಸಡಿಲವಾದರೆ, ಅಂದರೆ ಒಳಬರುವ ರಕ್ತದ ಒತ್ತಡ ಕುಸಿದರೆ, ಈ ಕೋಶಗಳು ತಾವೇ ರೆನಿನ್ ಬಿಡುತ್ತವೆ. ನಳಿಕೆಯಲ್ಲಿ ಬರುವ ಉಪ್ಪು ಕಡಿಮೆಯಾದರೆ ಮ್ಯಾಕುಲಾ ಡೆನ್ಸಾ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಮೂಲಕ ಹೇಳಿಕಳುಹಿಸುತ್ತದೆ. ಮೂರನೆಯದು ಮಿದುಳಿನಿಂದ ನರಗಳ ಮೂಲಕ ಬರುವ ಆದೇಶ. ಮಲಗಿದ್ದವರು ಎದ್ದು ನಿಂತರೂ ಸಾಕು, ರೆನಿನ್ ಏರುತ್ತದೆ. ಅದಕ್ಕೇ ರೆನಿನ್ ಪರೀಕ್ಷೆಗೆ ರಕ್ತ ಕೊಟ್ಟವರು ಮಲಗಿದ್ದರೋ ಕುಳಿತಿದ್ದರೋ ಎಂದು ಬರೆದುಕೊಳ್ಳಬೇಕಾಗುತ್ತದೆ. ಇನ್ನೊಂದು ಸ್ವಾರಸ್ಯವಿದೆ. ದೇಹದ ಬಹುತೇಕ ಕೋಶಗಳು ತಮ್ಮ ಸರಕನ್ನು ಹೊರಬಿಡುವುದು ಒಳಗೆ ಕ್ಯಾಲ್ಸಿಯಂ ಏರಿದಾಗ. ರೆನಿನ್ ಕೋಶದಲ್ಲಿ ಎಲ್ಲ ತಿರುವುಮುರುವು: ಕ್ಯಾಲ್ಸಿಯಂ ಏರಿದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ.

ಮುಂದಿನದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು, ಬೇಗ ಹೇಳಿಬಿಡುತ್ತೇನೆ. ರೆನಿನ್ ತಾನಾಗಿ ರಕ್ತದೊತ್ತಡವನ್ನು ಏರಿಸುವುದಿಲ್ಲ. ಯಕೃತ್ತು ತಯಾರಿಸಿದ ಒಂದು ಪ್ರೊಟೀನನ್ನು ಅದು ಕತ್ತರಿಸುತ್ತದೆ. ಹಾಗೆ ಸಿಕ್ಕ ತುಂಡನ್ನು ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಎಸಿಇ ಎಂಬ ಇನ್ನೊಂದು ಕಿಣ್ವ ಮತ್ತೊಮ್ಮೆ ಕತ್ತರಿಸಿ ಆಂಜಿಯೊಟೆನ್ಸಿನ್-2 ಮಾಡುತ್ತದೆ. ಇದು ಎಂಟೇ ಅಮೈನೊ ಆಮ್ಲಗಳ ಪುಟ್ಟ ಅಣು. ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಎಂಬ ಹಾರ್ಮೋನನ್ನು ಹೊರಡಿಸಿ ಉಪ್ಪನ್ನು ಮೂತ್ರದಲ್ಲಿ ಹೋಗಗೊಡದೆ ಹಿಡಿದಿಡುತ್ತದೆ. ಒತ್ತಡ ಸರಿಹೋದರೆ ರೆನಿನ್ ಕೋಶಗಳು ಸುಮ್ಮನಾಗಬೇಕು. ಆರೋಗ್ಯವಂತರಲ್ಲಿ ಸುಮ್ಮನಾಗುತ್ತವೆ ಕೂಡ.

ನಾನು ಒತ್ತಿ ಹೇಳಬೇಕೆಂದಿರುವ ಮಾತು ಈಗ ಬರುತ್ತದೆ. ಈ ಕೋಶಗಳಿಗೆ ನಿಮ್ಮ ತೋಳಿಗೆ ಪಟ್ಟಿ ಕಟ್ಟಿ ಅಳೆದ ಬಿಪಿ ಗೊತ್ತಿಲ್ಲ. ತಮ್ಮ ಬಾಗಿಲಲ್ಲಿ ಬಂದ ಒತ್ತಡವಷ್ಟೇ ಗೊತ್ತು. ಅದನ್ನೇ ಇಡೀ ದೇಹದ ಸ್ಥಿತಿಯೆಂದು ಅವು ನಂಬುತ್ತವೆ.

ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಬರ್ಟ್ ಟೀಗರ್‌ಸ್ಟೆಟ್ ಎಂಬ ಫಿನ್ಲೆಂಡ್ ಮೂಲದ ವಿಜ್ಞಾನಿ ಮತ್ತು ಅವರ ಸಹಾಯಕ ಪೇರ್ ಬೆರಿಮನ್ ಮೊಲದ ಮೂತ್ರಪಿಂಡವನ್ನು ಅರೆದು ತೆಗೆದ ಸಾರವನ್ನು ಇನ್ನೊಂದು ಮೊಲದ ರಕ್ತನಾಳಕ್ಕೆ ಚುಚ್ಚಿದರು. ರಕ್ತದೊತ್ತಡ ಏರಿತು. ಹೊರಪದರದ ಸಾರಕ್ಕೆ ಆ ಶಕ್ತಿ ಇತ್ತು, ಒಳಭಾಗದ್ದಕ್ಕೆ ಇರಲಿಲ್ಲ; ಕುದಿಸಿದರೆ ಶಕ್ತಿ ಹೋಗುತ್ತಿತ್ತು. 1898ರಲ್ಲಿ ಇದನ್ನು ಪ್ರಕಟಿಸಿ ರೆನಿನ್ ಎಂದು ಹೆಸರಿಟ್ಟರು. ಟೀಗರ್‌ಸ್ಟೆಟ್ ಹೆಲ್ಸಿಂಕಿಗೆ ಮರಳಿದರು, ವಿಷಯವನ್ನು ಮುಂದುವರಿಸಲಿಲ್ಲ, ಲೋಕವೂ ಮರೆಯಿತು. ಮೂವತ್ತಾರು ವರ್ಷಗಳ ಬಳಿಕ, 1934ರಲ್ಲಿ, ಅಮೆರಿಕದ ಕ್ಲೀವ್‌ಲೆಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಮೂತ್ರಪಿಂಡಕ್ಕೆ ಹೋಗುವ ಅಪಧಮನಿಗೆ ಬೆಳ್ಳಿಯ ಸಣ್ಣ ಹಿಡಿಕೆಯೊಂದನ್ನು ತೊಡಿಸಿ, ತಿರುಪು ಬಿಗಿದು ನಾಳವನ್ನು ಅರೆಬರೆ ಮುಚ್ಚಿದರು. ನಾಯಿಯ ರಕ್ತದೊತ್ತಡ ಏರಿ ಹಾಗೆಯೇ ನಿಂತಿತು. ಆ ನಾಯಿಗೆ ರಕ್ತ ಕಡಿಮೆಯಾಗಿರಲಿಲ್ಲ, ಉಪ್ಪೂ ಕಡಿಮೆಯಾಗಿರಲಿಲ್ಲ. ಹಿಡಿಕೆಯ ಆಚೆ ಒತ್ತಡ ಇಳಿದಿತ್ತು, ಅಷ್ಟೇ. ಕೋಶಗಳು ಬಾಗಿಲಲ್ಲಿ ಕಂಡದ್ದನ್ನು ನಂಬಿ ಇಡೀ ದೇಹವನ್ನು ಎಚ್ಚರಿಸಿದವು.

ಇದು ಪ್ರಯೋಗಶಾಲೆಯ ನಾಯಿಯ ಕಥೆ ಮಾತ್ರವಲ್ಲ. ನಮ್ಮ ದೇಶದಲ್ಲಿ ಎಳೆಯ ಪ್ರಾಯದ ಹೆಣ್ಣುಮಕ್ಕಳಲ್ಲಿ ಬಿಪಿ ವಿಪರೀತ ಏರಿದ್ದರೆ ವೈದ್ಯರು ಟಕಯಾಸು ಎಂಬ ಉರಿಯೂತವನ್ನು ನೆನೆಯುತ್ತಾರೆ. ಅದು ಮೂತ್ರಪಿಂಡದ ಅಪಧಮನಿಯನ್ನು ಹಾಗೆಯೇ ಕಿರಿದಾಗಿಸಬಲ್ಲದು. ಹೃದಯ ಸೋತವರ ಪಾಡು ಇನ್ನೂ ಮಾರ್ಮಿಕ. ಕಾಲು ಊದಿಕೊಂಡಿರುತ್ತದೆ, ಶ್ವಾಸಕೋಶದಲ್ಲಿ ನೀರು, ಮೈಯಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಲೀಟರ್ ಹೆಚ್ಚು ದ್ರವ. ಆದರೆ ಹೃದಯ ಬಲವಾಗಿ ತಳ್ಳದ ಕಾರಣ ಮೂತ್ರಪಿಂಡಕ್ಕೆ ಬರುವ ರಕ್ತ ಕಡಿಮೆ. ರೆನಿನ್ ಕೋಶಗಳ ಪಾಲಿಗೆ ಅದು ಬರಗಾಲ. ಇನ್ನಷ್ಟು ಉಪ್ಪು, ಇನ್ನಷ್ಟು ನೀರು ಹಿಡಿಯಿರಿ ಎನ್ನುತ್ತವೆ. ಊತ ಇನ್ನಷ್ಟು ಏರುತ್ತದೆ.

ಹಾಗೆಂದು ರೆನಿನನ್ನೇ ಖಳನಾಯಕನನ್ನಾಗಿ ಮಾಡಬೇಡಿ. ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯ ಕಾಡುಗಳಲ್ಲಿ ಯಾನೊಮಾಮಿ ಜನರಿದ್ದಾರೆ. ಅವರ ಸಾಂಪ್ರದಾಯಿಕ ಆಹಾರದಲ್ಲಿ ಮೇಲಿನಿಂದ ಹಾಕುವ ಉಪ್ಪೇ ಇಲ್ಲ. ಅವರ ರಕ್ತದಲ್ಲಿ ರೆನಿನ್, ಆಲ್ಡೊಸ್ಟೆರೋನ್ ಎರಡೂ ನಮಗಿಂತ ಬಹಳ ಹೆಚ್ಚು. ಆದರೆ 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರ ಸರಾಸರಿ ರಕ್ತದೊತ್ತಡ 95/61ರ ಆಸುಪಾಸಿನಲ್ಲಿತ್ತು, ವಯಸ್ಸಿನೊಡನೆ ಏರುತ್ತಲೂ ಇರಲಿಲ್ಲ. ರೆನಿನ್ ಕೋಶಗಳು ಯಾವ ಬಗೆಯ ಬದುಕಿಗೆ ಹೇಳಿ ಮಾಡಿಸಿದವು ಎಂಬುದು ಅಲ್ಲಿ ಕಾಣುತ್ತದೆ. ಉಪ್ಪು ಸಿಗದ ಕಡೆ ಅವು ದಿನವಿಡೀ ದುಡಿದು ಜೀವ ಉಳಿಸುತ್ತವೆ.

ನಮ್ಮ ಕಥೆ ತಿರುಗಾಮುರುಗಾ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ; ಜಗತ್ತಿನ ಸರಾಸರಿ ಅದರ ಎರಡರಷ್ಟಕ್ಕೂ ಮೀರಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬಿಸ್ಕತ್ತು ಇವನ್ನೆಲ್ಲ ಎದುರಿಗಿಟ್ಟುಕೊಂಡ ನಾವು ಆ ಸರಾಸರಿಯನ್ನು ಇಳಿಸುವ ಪೈಕಿ ಇರಲಾರೆವು. ಇಷ್ಟು ಉಪ್ಪು, ಮೇಲೆ ಏರಿದ ಬಿಪಿ ಇದ್ದಾಗ ರೆನಿನ್ ಕೋಶಗಳು ಪೂರ್ತಿ ಮೌನವಾಗಿರಬೇಕಿತ್ತು. ಕೆಲವರಲ್ಲಿ ಹಾಗೆಯೇ ಇರುತ್ತವೆ. ಅನೇಕರಲ್ಲಿ ರೆನಿನ್ ‘ಸಾಮಾನ್ಯ ಮಟ್ಟದಲ್ಲಿದೆ’ ಎಂದು ವರದಿ ಬರುತ್ತದೆ. ಬಿಪಿ 160 ಇರುವಾಗ ಸಾಮಾನ್ಯ ಮಟ್ಟವೂ ಹೆಚ್ಚೇ ಎಂಬುದನ್ನು ನಾವು ಮರೆಯಬಾರದು.

ಈ ಸರಪಳಿಯನ್ನು ತುಂಡರಿಸುವ ಮೊದಲ ಸುಳಿವು ಸಿಕ್ಕಿದ್ದು ಹಾವಿನ ವಿಷದಲ್ಲಿ. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲ ಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಆ ವಿಷದ ಬೆನ್ನು ಹತ್ತಿದ ಸೆರ್ಜಿಯೊ ಫೆರೇರಾ ಅದನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ವಿಷದಲ್ಲಿನ ಪೆಪ್ಟೈಡುಗಳು ಎಸಿಇ ಕಿಣ್ವವನ್ನು ತಡೆಯುತ್ತವೆ ಎಂದು ತಿಳಿಯಿತು. ಅದೇ ಜಾಡಿನಲ್ಲಿ ಅಮೆರಿಕದಲ್ಲಿ ಕುಶ್ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಮಾತ್ರೆ ರೂಪಿಸಿದರು. 1981ರಲ್ಲಿ ಅದಕ್ಕೆ ಅಲ್ಲಿ ಅನುಮತಿ ದೊರೆಯಿತು. ಎನಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು. ಇವನ್ನು ನುಂಗುವ ಕೆಲವರಿಗೆ ಒಣಕೆಮ್ಮು ಬರುತ್ತದೆ, ಏಕೆಂದರೆ ಎಸಿಇ ಒಡೆಯಬೇಕಿದ್ದ ಬ್ರಾಡಿಕೈನಿನ್ ಮುಂತಾದವು ಅಲ್ಲಿಯೇ ಉಳಿದುಬಿಡುತ್ತವೆ. ನಿಮ್ಮ ಮನೆಯ ಮಾತ್ರೆಯ ಡಬ್ಬಿಯಲ್ಲಿ ಟೆಲ್ಮಿಸಾರ್ಟನ್ ಅಥವಾ ಲೋಸಾರ್ಟನ್ ಇದ್ದರೆ, ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆಂಜಿಯೊಟೆನ್ಸಿನ್ ಕುಳಿತುಕೊಳ್ಳುವ ಜಾಗವನ್ನೇ ಆಕ್ರಮಿಸುತ್ತದೆ.

ಈ ಮಾತ್ರೆಗಳ ಬಗ್ಗೆ ಒಂದೆರಡು ವಿಷಯ ಹೇಳಲೇಬೇಕು. ಆಂಜಿಯೊಟೆನ್ಸಿನ್ ಗ್ಲೊಮೆರುಲಸ್‌ನಿಂದ ರಕ್ತ ಹೊರಹೋಗುವ ನಾಳವನ್ನು ಬಿಗಿಹಿಡಿದು, ಒತ್ತಡ ಕುಸಿದ ವೇಳೆಯಲ್ಲೂ ಸೋಸುವ ಕೆಲಸ ನಿಲ್ಲದಂತೆ ಕಾಯುತ್ತದೆ. ಮಾತ್ರೆ ಆ ಹಿಡಿತವನ್ನು ಸಡಿಲಿಸುತ್ತದೆ. ಮಾಮೂಲಿ ದಿನಗಳಲ್ಲಿ ಇದು ಒಳ್ಳೆಯದೇ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನು ಎಷ್ಟೋ ವರ್ಷ ಕಾಪಾಡುತ್ತದೆ. ಆದರೆ ಜೋರು ವಾಂತಿಭೇದಿಯಾಗಿ ಮೈಯ ನೀರು ಹೋದಾಗ ಅದೇ ಮಾತ್ರೆ ತೊಂದರೆ ತರಬಲ್ಲದು. ಅಂಥ ದಿನ ಮಾತ್ರೆ ಮುಂದುವರಿಸಬೇಕೋ ಎರಡು ದಿನ ನಿಲ್ಲಿಸಬೇಕೋ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಹುಷಾರಾಗಿರುವಾಗ ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಗರ್ಭಿಣಿಯರಿಗೆ ಇವು ಸಲ್ಲದು; ಮಗುವಿನ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ.

ಮಂಡಿನೋವಿಗೆ ಔಷಧಿ ಅಂಗಡಿಯಿಂದ ತಾವೇ ಕೊಂಡು ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಪ್ರೊಸ್ಟಾಗ್ಲಾಂಡಿನನ್ನು ತಡೆಯುವ ಮಾತ್ರೆಗಳು. ಮ್ಯಾಕುಲಾ ಡೆನ್ಸಾ ಹೇಳಿಕಳುಹಿಸುವುದು ಅದರ ಮೂಲಕವೇ ಎಂದು ಆಗಲೇ ಹೇಳಿದೆ. ರಕ್ತ ಒಳಬರುವ ನಾಳವನ್ನು ತೆರೆದಿಡುವುದೂ ಅದೇ. ಮೇಲೆ ಹೇಳಿದ ಜಾತಿಯ ಬಿಪಿಯ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ನೋವಿನ ಮಾತ್ರೆ ಈ ಮೂರೂ ಒಂದೇ ಹೊಟ್ಟೆಗೆ ಬಿದ್ದರೆ ಒಳಬಾಗಿಲು ಕಿರಿದಾಗಿ, ಹೊರಬಾಗಿಲು ಸಡಿಲವಾಗಿ, ನಡುವೆ ಸೋಸಲು ಬೇಕಾದ ಒತ್ತಡವೇ ಇಲ್ಲದಂತಾಗುತ್ತದೆ. ವಯಸ್ಸಾದವರಲ್ಲಿ ಮೂತ್ರಪಿಂಡ ಹಠಾತ್ತನೆ ಕೈಕೊಡಲು ಇದೂ ಒಂದು ಕಾರಣ. ಇಲ್ಲಿ ಕುಳಿತವರಲ್ಲಿ ಮೂರನ್ನೂ ತೆಗೆದುಕೊಳ್ಳುತ್ತಿರುವವರಿದ್ದರೆ, ಈ ವಾರವೇ ನಿಮ್ಮ ವೈದ್ಯರಿಗೆ ಮಾತ್ರೆಗಳ ಪಟ್ಟಿ ತೋರಿಸಿ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.