ವಿಗನ್ ಎಂಬ ಊರು, ಸ್ಪೇನಿನ ನಂಟು ಮತ್ತು ಹೊರನಾಡಿನ ಪತ್ರಿಕೆಗಳು

ಮಾನ್ಯರೆ,

ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬನ್ನು. ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಗರಗಳ ನಡುವೆ ಇರುವ ವಿಗನ್, ಕಲ್ಲಿದ್ದಲ ಗಣಿಗಳಿಂದಲೂ ಹತ್ತಿ ಗಿರಣಿಗಳಿಂದಲೂ ಬೆಳೆದ ಊರು. ಅಲ್ಲಿನ ಜನರ ಮೊದಲ ಪ್ರೀತಿ ರಗ್ಬಿ ಲೀಗ್. 1932ರಲ್ಲಿ ಹುಟ್ಟಿದ ವಿಗನ್ ಅಥ್ಲೆಟಿಕ್ ಎಂಬ ಫುಟ್‌ಬಾಲ್ ಕ್ಲಬ್ಬು ಆ ಪ್ರೀತಿಯ ನೆರಳಿನಲ್ಲೇ ಬದುಕಿ, 1978ರಲ್ಲಷ್ಟೇ ಫುಟ್‌ಬಾಲ್ ಲೀಗಿಗೆ ಪ್ರವೇಶ ಪಡೆಯಿತು. 1995ರ ಹೊತ್ತಿಗೆ ಅದು ಡಿವಿಷನ್ ಮೂರರಲ್ಲಿತ್ತು. ಹೆಸರು ಮೂರು ಎಂದಿದ್ದರೂ ಪ್ರೀಮಿಯರ್ ಲೀಗ್ ಬೇರೆಯಾದ ಮೇಲೆ ಅದು ನಾಲ್ಕನೆಯ ಸ್ತರ. ಅದರ ಕೆಳಗೆ ಬಿದ್ದರೆ ಲೀಗಿನಿಂದಲೇ ಹೊರಗೆ. ಸ್ಪ್ರಿಂಗ್‌ಫೀಲ್ಡ್ ಪಾರ್ಕ್ ಎಂಬ ಅದರ ಹಳೆಯ ಮೈದಾನದ ಹೆಸರು ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಗಲು ಯಾವ ಕಾರಣವೂ ಇರಲಿಲ್ಲ.

ಕಾರಣ ಹುಟ್ಟಿದ್ದು ಅದೇ ವರ್ಷದ ಬೇಸಿಗೆಯಲ್ಲಿ. ಫೆಬ್ರುವರಿಯಲ್ಲಿ ಕ್ಲಬ್ಬನ್ನು ಕೊಂಡಿದ್ದ ಡೇವ್ ವೀಲನ್ ಕ್ರೀಡಾ ಸಾಮಗ್ರಿಯ ದೊಡ್ಡ ವ್ಯಾಪಾರಿ, ಜೆಜೆಬಿ ಸ್ಪೋರ್ಟ್ಸ್ ಅಂಗಡಿಗಳ ಒಡೆಯ. ಅವರ ವ್ಯಾಪಾರದ ಆಸಕ್ತಿ ಸ್ಪೇನಿನವರೆಗೂ ಚಾಚಿತ್ತು. ಆ ದಾರಿಯಲ್ಲೇ ರಾಬರ್ಟೊ ಮಾರ್ಟಿನೆಜ್, ಹೇಸೂಸ್ ಸೇಬಾ ಮತ್ತು ಇಸಿದ್ರೋ ದಿಯಾಸ್ ಎಂಬ ಮೂವರು ಯುವಕರು ವಿಗನ್‌ಗೆ ಬಂದಿಳಿದರು. ಮಾರ್ಟಿನೆಜ್ ಸ್ಪೇನಿನ ಕ್ಯಾಟಲೋನಿಯಾ ಪ್ರಾಂತದ ಬಲಗೇರ್ ಎಂಬ ಚಿಕ್ಕ ಪಟ್ಟಣದವರು. ರಿಯಲ್ ಸರಗೋಸಾ ಕ್ಲಬ್ಬಿನಲ್ಲಿ ಪಳಗಿ, ಮೊದಲ ತಂಡದ ಪರವಾಗಿ ಒಂದೇ ಒಂದು ಲೀಗ್ ಪಂದ್ಯವನ್ನು ಆಡಿ, ಮರಳಿ ತಮ್ಮ ಊರಿನ ತಂಡಕ್ಕೆ ಬಂದಿದ್ದರು. ಸೇಬಾ ಸರಗೋಸಾ ನಗರದವರೇ. ಆ ವರ್ಷದ ಮೇ 10ರಂದು ಪ್ಯಾರಿಸ್ಸಿನಲ್ಲಿ ಅದೇ ಸರಗೋಸಾ ಕ್ಲಬ್ಬು ಲಂಡನ್ನಿನ ಆರ್ಸೆನಲ್ ತಂಡವನ್ನು ಸೋಲಿಸಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆದ್ದಿತ್ತು. ಹೆಚ್ಚುವರಿ ಅವಧಿ ಮುಗಿಯುವ ಗಳಿಗೆಯಲ್ಲಿ ನಯೀಮ್ ಬಹುದೂರದಿಂದ ಎತ್ತಿ ಹೊಡೆದ ಚೆಂಡು ಗೋಲ್‌ಕೀಪರನ ತಲೆಯ ಮೇಲಿಂದ ಬಲೆಗೆ ಬಿದ್ದಿತ್ತು. ಇಂಗ್ಲೆಂಡಿನ ದೊಡ್ಡ ತಂಡವೊಂದನ್ನು ಮಣಿಸಿದ ಊರಿನ ಹುಡುಗರು ಕೆಲವೇ ತಿಂಗಳಲ್ಲಿ ಇಂಗ್ಲೆಂಡಿನ ನಾಲ್ಕನೆಯ ಸ್ತರಕ್ಕೆ ಹೊರಟರೆ, ಆ ಊರಿನ ಪತ್ರಕರ್ತನಿಗೆ ಅದು ಸುದ್ದಿಯಾಗದೆ ಇರುವುದು ಹೇಗೆ?

ಇಲ್ಲಿ ಸ್ಪೇನಿನ ಪತ್ರಿಕಾರಂಗದ ರಚನೆಯನ್ನು ಸ್ವಲ್ಪ ನೋಡಬೇಕು. ಬಾರ್ಸಿಲೋನಾದಲ್ಲಿ 1906ರಿಂದ ನಡೆದು ಬಂದ ಮುಂದೋ ದೆಪೋರ್ತಿವೊ, 1938ರಲ್ಲಿ ಆರಂಭವಾದ ಮಾರ್ಕಾ, 1967ರ ಆಸ್, 1979ರ ಸ್ಪೋರ್ಟ್ - ಇವೆಲ್ಲ ಕ್ರೀಡೆಗೇ ಮೀಸಲಾದ ದಿನಪತ್ರಿಕೆಗಳು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸುದ್ದಿಗೆ ಸಾಮಾನ್ಯ ದಿನಪತ್ರಿಕೆಯ ಹಿಂದಿನ ಪುಟಗಳೇ ಮನೆ. ಸ್ಪೇನಿನಲ್ಲಾದರೋ ಪ್ರತಿದಿನವೂ ಪತ್ರಿಕೆ ಪೂರ್ತಿ ಆಟದಿಂದಲೇ ತುಂಬಬೇಕು. ಪಂದ್ಯವಿಲ್ಲದ ಬೇಸಿಗೆಯ ವಾರಗಳಲ್ಲೂ ತುಂಬಬೇಕು. ಜೊತೆಗೆ 1895ರಿಂದ ಸರಗೋಸಾದಲ್ಲಿ ಹೊರಡುತ್ತಿರುವ ಎರಾಲ್ದೊ ದೆ ಅರಗೋನ್ ಪತ್ರಿಕೆಯಂತಹ ಪ್ರಾದೇಶಿಕ ಪತ್ರಿಕೆಗಳಿವೆ; ನಮ್ಮ ಜಿಲ್ಲಾ ಪುಟಗಳ ಹಾಗೆ, ತಮ್ಮ ಸೀಮೆಯ ಹುಡುಗ ಎಲ್ಲಿದ್ದರೂ ಅವು ಅವನನ್ನು ಹುಡುಕುತ್ತವೆ. ವಿದೇಶದ ಸಣ್ಣ ಕ್ಲಬ್ಬಿನಲ್ಲಿ ನಾಡಿನ ಮೂವರು ಒಟ್ಟಿಗೆ ಒಂದೇ ಮನೆಯಲ್ಲಿ ಇರುವುದು ಇಂಥ ಪತ್ರಿಕೆಗೆ ಕೈಗೆಟಕುವ ಸುದ್ದಿ: ದೂರವಾಣಿಯಲ್ಲಿ ಭಾಷೆಯ ತೊಡಕಿಲ್ಲದೆ ಮಾತಾಡಬಹುದು, ಓದುಗರಿಗೆ ವಿಚಿತ್ರವೆನಿಸುವ ಮಳೆ, ಕೆಸರು, ಊಟ, ಒರಟು ಆಟ ಎಲ್ಲವೂ ಒಂದೇ ಬರಹದಲ್ಲಿ ಸಿಗುತ್ತವೆ.

ಇಂಗ್ಲೆಂಡಿನ ಕಡೆಯಿಂದ ಆದದ್ದು ನಾಮಕರಣ. ಈ ಮೂವರಿಗೆ ಅಲ್ಲಿ ‘ತ್ರೀ ಅಮಿಗೋಸ್’ ಎಂಬ ಹೆಸರು ಬಿತ್ತು. ಅಮಿಗೋ ಎಂದರೆ ಸ್ಪ್ಯಾನಿಷ್‌ನಲ್ಲಿ ಗೆಳೆಯ ಎಂಬುದು ನಿಜವೇ. ಆದರೆ ಇಂಗ್ಲಿಷ್ ಕಿವಿಗೆ ಆ ಮಾತು ಬಂದಿದ್ದು ಅಮೆರಿಕದ ಸಿನಿಮಾದ ಮೂಲಕ, ಅದರಲ್ಲಿ ಮೂಡುವ ಚಿತ್ರ ಮೆಕ್ಸಿಕೋದ ದೊಡ್ಡ ಟೋಪಿಯದ್ದು. ಕ್ಯಾಟಲೋನಿಯಾದಲ್ಲಿ ಹುಟ್ಟಿ, ಸರಗೋಸಾ ಇರುವ ಅರಗೋನ್ ಪ್ರಾಂತದಲ್ಲಿ ಬೆಳೆದ ಆಟಗಾರನನ್ನು ಆ ಟೋಪಿಯ ಕೆಳಗೆ ನಿಲ್ಲಿಸಿದವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ; ಅದು ಅಕ್ಕರೆಯ ಹೆಸರೇ ಆಗಿತ್ತು. ಹೇಸೂಸ್ ಎಂಬ ಸಾಧಾರಣ ಸ್ಪ್ಯಾನಿಷ್ ಹೆಸರನ್ನು ಜೀಸಸ್ ಎಂದು ಓದಿಕೊಂಡ ಅಭಿಮಾನಿಗಳ ಸಂಭ್ರಮವೂ ಅಂಥದ್ದೇ. ಆದರೂ ನಾನು ಈ ಹೆಸರಿನ ಬಗ್ಗೆ ಗಂಭೀರವಾಗಿ ಯೋಚಿಸಿದ್ದೇನೆ. ಒಂದು ಅಡ್ಡಹೆಸರು ಮೂವರು ಬೇರೆ ಬೇರೆ ಮನುಷ್ಯರನ್ನು ಒಂದು ಗಂಟಾಗಿ ಕಟ್ಟಿಬಿಡುತ್ತದೆ. ಗಂಟಿನೊಳಗೆ ಯಾರು ಉಳಿದರು, ಯಾರು ಹೋದರು ಎಂದು ಆಮೇಲೆ ಯಾರೂ ಬಿಚ್ಚಿ ನೋಡುವುದಿಲ್ಲ.

ಮಾರ್ಟಿನೆಜ್ ತಮ್ಮ ಮೊದಲ ಪಂದ್ಯದಲ್ಲೇ ಗಿಲಿಂಗ್‌ಹ್ಯಾಮ್ ವಿರುದ್ಧ ಗೋಲು ಹೊಡೆದರು. ಆ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಬಾಸ್ಮನ್ ಮೊಕದ್ದಮೆಯ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರನಿಗೆ ವರ್ಗಾವಣೆ ಹಣದ ಹಂಗಿಲ್ಲದೆ ಹೊರಡುವ ಹಕ್ಕು ದೊರೆತು, ಯುರೋಪಿಯನ್ ಒಕ್ಕೂಟದ ದೇಶಗಳ ಆಟಗಾರರ ಸಂಖ್ಯೆಯ ಮೇಲಿದ್ದ ಮಿತಿ ರದ್ದಾಯಿತು. ಅನಂತರ ಗಡಿ ದಾಟಿದವರು ಸಾವಿರಾರು ಮಂದಿ. ಈ ಮೂವರು ಆ ತೀರ್ಪಿಗೂ ಕೆಲವು ತಿಂಗಳು ಮೊದಲೇ ದಾಟಿದವರು. ಸೇಬಾ ಹೆಚ್ಚು ಕಾಲ ನಿಲ್ಲದೆ ಸ್ಪೇನಿಗೆ ಮರಳಿದರು. 1996-97ರಲ್ಲಿ ವಿಗನ್ ಡಿವಿಷನ್ ಮೂರರ ಪ್ರಶಸ್ತಿ ಗೆದ್ದು ಬಡ್ತಿ ಪಡೆಯಿತು. ಮಾರ್ಟಿನೆಜ್ ಒಟ್ಟು ಆರು ವರ್ಷ, 2001ರವರೆಗೆ, ಅಲ್ಲಿಯೇ ಉಳಿದರು. ಭೌತಚಿಕಿತ್ಸೆಯ ಪದವಿ ಪಡೆದಿದ್ದ ಅವರು ಮ್ಯಾಂಚೆಸ್ಟರಿನಲ್ಲಿ ವ್ಯವಹಾರ ನಿರ್ವಹಣೆಯನ್ನೂ ಓದಿದರು, ಭಾಷೆ ಕಲಿತರು, ಕೆಳ ಡಿವಿಷನ್ನಿನ ಉದ್ದನೆಯ ಚಳಿಗಾಲಗಳಲ್ಲಿ ಚೆಂಡು ನೆಲದ ಮೇಲಿಗಿಂತ ಗಾಳಿಯಲ್ಲೇ ಹೆಚ್ಚು ಇರುವ ಆಟವನ್ನು ಒಳಗಿನಿಂದ ಕಂಡರು.

ನಾನು ಈ ಸಭೆಯ ಮುಂದೆ ಇಡಬೇಕೆಂದಿರುವ ಮಾತು ಈ ಆರು ವರ್ಷಗಳನ್ನು ಕುರಿತದ್ದು. ಹೊರನಾಡಿನ ಪತ್ರಿಕೆ ಸಣ್ಣ ಕ್ಲಬ್ಬಿನ ಬಾಗಿಲಿಗೆ ಬರುವುದು ಎರಡೇ ಸಂದರ್ಭಗಳಲ್ಲಿ: ತನ್ನ ನಾಡಿನವನು ಬಂದಿಳಿದಾಗ, ಮತ್ತು ಅವನು ಏನನ್ನಾದರೂ ಗೆದ್ದಾಗ. ನಂಟು ನಂಟಾಗಿ ಗಟ್ಟಿಯಾಗುವುದಾದರೋ ಆ ಎರಡರ ನಡುವಿನ, ಯಾರೂ ಬಾರದ ಕಾಲದಲ್ಲಿ.

ಇದು ವಿಗನ್‌ನಿಂದ ಆರಂಭವಾದ ಕತೆಯೂ ಅಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ, 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿದ್ದ ಮೇಲೆ, ಆ ದೇಶದ ಉತ್ತರದ ಬಾಸ್ಕ್ ನಾಡಿನ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಹೊತ್ತ ಅಬಾನಾ ಎಂಬ ಹಡಗು ಮೇ 23ರಂದು ಸೌತಾಂಪ್ಟನ್ ಬಂದರಿಗೆ ಬಂತು. ಅಪ್ಪ ಅಮ್ಮಂದಿರನ್ನು ಯುದ್ಧದ ಬಾಯಲ್ಲಿ ಬಿಟ್ಟು ಬಂದ ಆ ಮಕ್ಕಳಲ್ಲಿ ಹದಿನಾಲ್ಕು ವರ್ಷದ ಎಮಿಲಿಯೊ ಅಲ್ದೆಕೋವಾ ಒಬ್ಬರು. ಮಹಾಯುದ್ಧದ ವರ್ಷಗಳಲ್ಲಿ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಪರ ಆಡಿ, 1945ರಿಂದ ಕೊವೆಂಟ್ರಿ ಸಿಟಿಗೆ ಸೇರಿ, ಫುಟ್‌ಬಾಲ್ ಲೀಗಿನಲ್ಲಿ ಆಡಿದ ಮೊದಲ ಸ್ಪ್ಯಾನಿಷ್ ಆಟಗಾರ ಎನಿಸಿದರು. ಆಗ ಕೊವೆಂಟ್ರಿ ಎರಡನೆಯ ಡಿವಿಷನ್ನಿನ ತಂಡ. 1947ರಲ್ಲಿ ಅವರು ತಾಯ್ನಾಡಿಗೆ ಮರಳಿ, ಮುಂದೆ ಬಾರ್ಸಿಲೋನಾ ತಂಡಕ್ಕೂ ಆಡಿದರು. ಅದೇ ಹಡಗಿನ ಸಬೀನೊ ಬರಿನಾಗಾ ಸೌತಾಂಪ್ಟನ್ ಕ್ಲಬ್ಬಿನಲ್ಲಿ ಹುಡುಗನಾಗಿ ಆಡಿ, 1947ರ ಡಿಸೆಂಬರಿನಲ್ಲಿ ರಿಯಲ್ ಮ್ಯಾಡ್ರಿಡ್ಡಿನ ಹೊಸ ಕ್ರೀಡಾಂಗಣದ ಮೊತ್ತಮೊದಲ ಗೋಲು ಹೊಡೆದರು. ಆದರೆ 1938ರ ಪತ್ರಿಕಾ ಕಾಯಿದೆಯು ಮುದ್ರಣಕ್ಕೆ ಮೊದಲೇ ಸೆನ್ಸಾರ್ ವಿಧಿಸಿದ್ದ ಆ ದೇಶದಲ್ಲಿ, ಈ ಆಟಗಾರರು ಎಳೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಏಕೆ ಹೋಗಬೇಕಾಯಿತು ಎಂಬುದನ್ನು ಮುಕ್ತವಾಗಿ ಬರೆಯುವ ಸ್ವಾತಂತ್ರ್ಯ ಇರಲಿಲ್ಲ. ಗೋಲಿನ ಸುದ್ದಿ ಬರೆಯಬಹುದಿತ್ತು, ಹಡಗಿನ ಸುದ್ದಿಯನ್ನಲ್ಲ. 1995ರ ಮೂವರು ಯುವಕರನ್ನು ಇಂಗ್ಲೆಂಡಿಗೆ ಹೋದ ವಿಚಿತ್ರ ಸಾಹಸಿಗಳೆಂದು ನೋಡುವಾಗ ಈ ಮಕ್ಕಳನ್ನೂ ನೆನೆಯಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮತ್ತೆ ಮಾರ್ಟಿನೆಜ್ ಅವರ ದಾರಿಗೆ ಬರೋಣ. ಕೆಲವು ಕ್ಲಬ್ಬುಗಳನ್ನು ಸುತ್ತಿ 2003ರಲ್ಲಿ ಅವರು ಸ್ವಾನ್ಸೀ ಸಿಟಿ ಸೇರಿದರು. ಸ್ವಾನ್ಸೀ ವೇಲ್ಸ್ ದೇಶದ ನಗರ, ಆಡುವುದು ಮಾತ್ರ ಇಂಗ್ಲಿಷ್ ಲೀಗಿನಲ್ಲಿ. 2007ರ ಫೆಬ್ರುವರಿಯಲ್ಲಿ ಅದೇ ಕ್ಲಬ್ಬಿನ ಮ್ಯಾನೇಜರ್ ಆದಾಗ ತಂಡ ಮೂರನೆಯ ಸ್ತರದಲ್ಲಿತ್ತು, ಕೈಯಲ್ಲಿದ್ದ ಹಣ ಅಲ್ಪ. ಸ್ಪೇನಿನ ಕೆಳ ಡಿವಿಷನ್ನುಗಳಲ್ಲಿ ಚೆಂಡನ್ನು ಚೆನ್ನಾಗಿ ಆಡಬಲ್ಲ ಎಷ್ಟೋ ಆಟಗಾರರು ಇಂಗ್ಲೆಂಡಿನವರ ಕಣ್ಣಿಗೆ ಬೀಳದೆ ಇದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಅವರೇ ಒಮ್ಮೆ ಅಂಥ ಆಟಗಾರರಾಗಿದ್ದರಲ್ಲ. ತೆರಾಸ್ಸಾ ಕ್ಲಬ್ಬಿನಿಂದ ಆಂಹೆಲ್ ರಾಂಹೆಲ್ ಬಂದರು. ಆಂಡ್ರಿಯಾ ಓರ್ಲಾಂಡಿ, ಗಿಲ್ಲೆಮ್ ಬಾವ್ಸಾ, ಗೋರ್ಕಾ ಪಿಂತಾದೊ ಬಂದರು. 2007-08ರಲ್ಲಿ ತಂಡ 92 ಅಂಕಗಳೊಂದಿಗೆ ಆ ಮೂರನೆಯ ಸ್ತರವಾದ ಲೀಗ್ ಒನ್ ಗೆದ್ದಿತು. ಮುಂದೆ ಆ ಆಟದ ರೀತಿಗೆ ಪತ್ರಿಕೆಗಳಲ್ಲಿ ‘ಸ್ವಾನ್ಸಲೋನಾ’ ಎಂಬ ಹೆಸರು ಬಂತು. ಮತ್ತೆ ಒಂದು ಅಡ್ಡಹೆಸರು, ಮತ್ತೆ ದೊಡ್ಡ ನಗರವೊಂದರ ಎರವಲು ಬೆಳಕು. ಬಾರ್ಸಿಲೋನಾದ ಮಾದರಿ ಅಲ್ಲಿ ಇದ್ದುದು ಸುಳ್ಳಲ್ಲ. ಆದರೆ ಆ ಕೆಲಸಕ್ಕೆ ಬೇಕಾದ ತಿಳಿವಳಿಕೆ ಬೆಳೆದದ್ದು ಬಲಗೇರ್ ಮತ್ತು ವಿಗನ್ ಊರುಗಳಲ್ಲಿ. ಇದೇ ಅವಧಿಯಲ್ಲಿ ಮಾರ್ಟಿನೆಜ್ ಬ್ರಿಟಿಷ್ ದೂರದರ್ಶನದಲ್ಲಿ ಸ್ಪ್ಯಾನಿಷ್ ಲೀಗಿನ ವಿಶ್ಲೇಷಕರಾಗಿ ಕುಳಿತು, ಇಂಗ್ಲಿಷ್ ವೀಕ್ಷಕರಿಗೆ ಸ್ಪೇನಿನ ಆಟವನ್ನು ಬಿಡಿಸಿ ಹೇಳುತ್ತಿದ್ದರು. ಮೊದಲು ಪತ್ರಿಕೆಗೆ ಸುದ್ದಿಯಾಗಿದ್ದವರು ಈಗ ಎರಡು ನಾಡುಗಳ ನಡುವೆ ನಿಂತು ಅರ್ಥ ಹೇಳುವವರಾದರು.

2009ರಲ್ಲಿ ಅವರು ಮ್ಯಾನೇಜರ್ ಆಗಿ ವಿಗನ್‌ಗೆ ಮರಳಿದರು. ಆ ಹೊತ್ತಿಗೆ ಕ್ಲಬ್ಬು ಪ್ರೀಮಿಯರ್ ಲೀಗಿನಲ್ಲಿತ್ತು. 2013ರ ಮೇ 11ರಂದು ವೆಂಬ್ಲಿಯಲ್ಲಿ ನಡೆದ ಎಫ್‌ಎ ಕಪ್ ಫೈನಲ್ಲಿನಲ್ಲಿ, ಸಂಪತ್ತಿನಲ್ಲಿ ತನಗೆ ಹೋಲಿಕೆಯೇ ಇಲ್ಲದ ಮ್ಯಾಂಚೆಸ್ಟರ್ ಸಿಟಿಯನ್ನು ವಿಗನ್ 1-0ರಿಂದ ಸೋಲಿಸಿತು. ಬೆನ್ ವಾಟ್ಸನ್ ತಲೆಯಿಂದ ಹೊಡೆದ ಗೋಲು ಬಂದದ್ದು ತೊಂಬತ್ತು ನಿಮಿಷ ದಾಟಿದ ಮೇಲೆ. ಗೋಲಿನಲ್ಲಿ ನಿಂತಿದ್ದವರು ಸ್ಪೇನಿನ ಜೋಯೆಲ್ ರೋಬ್ಲೆಸ್, ಮಧ್ಯದಲ್ಲಿ ಜೋರ್ಡಿ ಗೋಮೆಜ್. ತಂಡವನ್ನು ಮೈದಾನಕ್ಕೆ ಕರೆತಂದವರು ವೀಲನ್. 1960ರ ಕಪ್ ಫೈನಲ್ಲಿನಲ್ಲಿ ಬ್ಲ್ಯಾಕ್‌ಬರ್ನ್ ಪರ ಆಡುತ್ತಾ ಅವರು ಕಾಲು ಮುರಿದುಕೊಂಡಿದ್ದರು. ಸ್ಪೇನಿನವರಿಗೂ ಇಂಗ್ಲೆಂಡಿನವರಿಗೂ ಆ ದಿನ ಬೇಕಾದಷ್ಟು ಬರೆಯುವುದಿತ್ತು. ಮೂರೇ ದಿನಗಳ ಬಳಿಕ ಆರ್ಸೆನಲ್ ಎದುರು 4-1ರಿಂದ ಸೋತು ವಿಗನ್ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಅದೇ ಬೇಸಿಗೆಯಲ್ಲಿ ಮಾರ್ಟಿನೆಜ್ ಎವರ್ಟನ್‌ಗೆ, ಆಮೇಲೆ ಬೆಲ್ಜಿಯಂ ಮತ್ತು ಪೋರ್ಚುಗಲ್ ರಾಷ್ಟ್ರೀಯ ತಂಡಗಳಿಗೆ ಹೋದರು. 2025ರ ಜೂನಿನಲ್ಲಿ ನೇಷನ್ಸ್ ಲೀಗ್ ಫೈನಲ್ಲಿನಲ್ಲಿ ಅವರ ಪೋರ್ಚುಗಲ್ ಸೋಲಿಸಿದ್ದು ಸ್ಪೇನನ್ನೇ.

ವಿಗನ್ ಕತೆ ಅಷ್ಟು ಹೊತ್ತಿಗೆ ಬೇರೆ ದಿಕ್ಕು ಹಿಡಿದಿತ್ತು. 2020ರ ಜುಲೈನಲ್ಲಿ ಕ್ಲಬ್ಬು ಹಣಕಾಸಿನ ಕುಸಿತಕ್ಕೆ ಸಿಕ್ಕಿ ಆಡಳಿತಾಧಿಕಾರಿಗಳ ಕೈಸೇರಿತು. ಆಗ ಕೊಳ್ಳಲು ಮುಂದೆ ಬಂದವರಲ್ಲಿ ಸ್ಪೇನಿನ ಹೂಡಿಕೆದಾರರ ಒಂದು ಗುಂಪೂ ಇತ್ತು. ತಿಂಗಳುಗಟ್ಟಲೆ ಮಾತುಕತೆ ನಡೆದು ಅದು ಫಲಿಸಲಿಲ್ಲ. ಇದೂ ಸ್ಪ್ಯಾನಿಷ್ ನಂಟೇ, ಆದರೆ ಇದರಲ್ಲಿ ಚೆಂಡು ಎಲ್ಲೂ ಇರಲಿಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ 2021ರ ಜನವರಿ 1ರಿಂದ ಆಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ತೊರೆದುದರಿಂದ ಯುರೋಪಿನ ಆಟಗಾರನಿಗೂ ಈಗ ಕೆಲಸದ ಅನುಮತಿ ಬೇಕು. ಅದನ್ನು ಅವನು ದೇಶಕ್ಕಾಗಿ ಆಡಿದ ಪಂದ್ಯಗಳು, ಅವನ ಲೀಗಿನ ದರ್ಜೆ ಮುಂತಾದವುಗಳ ಅಂಕಗಳಿಂದ ನಿರ್ಧರಿಸುತ್ತಾರೆ. 1995ರ ಮಾರ್ಟಿನೆಜ್ ಅವರ ಹೆಸರಿನ ಮುಂದೆ ಇದ್ದುದು ಮೊದಲ ದರ್ಜೆಯ ಒಂದೇ ಒಂದು ಪಂದ್ಯ. ಅಂಥ ಇಪ್ಪತ್ತೆರಡು ವರ್ಷದ ಯುವಕ ನಾಲ್ಕನೆಯ ಸ್ತರದ ಕ್ಲಬ್ಬಿಗೆ ಬಂದು ಸೇರುವುದು ಇಂದು ಬಹಳ ಕಷ್ಟ. ಈ ನಿಯಮ ಮುಚ್ಚಿದ ಬಾಗಿಲು ದೊಡ್ಡ ಕ್ಲಬ್ಬುಗಳದ್ದಲ್ಲ, ಸಣ್ಣ ಕ್ಲಬ್ಬುಗಳದ್ದು. ಇದರ ಬಗ್ಗೆ ಎರಡೂ ದೇಶಗಳ ಪತ್ರಿಕೆಗಳು ಇನ್ನೂ ಬಹಳ ಬರೆಯಬೇಕಿದೆ.

ನಮ್ಮ ಊರಿನ ಒಂದು ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಈ ದಾರಿ ಬೆಂಗಳೂರನ್ನೂ ಮುಟ್ಟಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್, ಇಂಗ್ಲೆಂಡಿನ ಕೆಳ ಡಿವಿಷನ್ನುಗಳಲ್ಲಿ ಬಹುಕಾಲ ಆಡಿದವರು. 2016ರಲ್ಲಿ ಅವರ ಸ್ಥಾನಕ್ಕೆ ಬಂದವರು ಕ್ಯಾಟಲೋನಿಯಾದ ಆಲ್ಬರ್ಟ್ ರೋಕಾ, ಅವರ ನಂತರ ಕಾರ್ಲೆಸ್ ಕ್ವಾದ್ರಾತ್. 2018ರಲ್ಲಿ ತಂಡ ಸೇರಿದ ರಕ್ಷಣಾ ಆಟಗಾರ ಆಲ್ಬರ್ಟ್ ಸೆರಾನ್ ಬಾರ್ಸಿಲೋನಾದಲ್ಲಿ ಹುಟ್ಟಿ, ಎಸ್ಪಾನ್ಯೋಲ್ ತಂಡಕ್ಕೆ ಆಡಿ, 2008ರಲ್ಲಿ, ಮಾರ್ಟಿನೆಜ್ ಇನ್ನೂ ಅಲ್ಲಿ ಮ್ಯಾನೇಜರ್ ಆಗಿದ್ದಾಗಲೇ, ಸ್ವಾನ್ಸೀ ಸೇರಿದವರು. ಕಂಠೀರವ ಕ್ರೀಡಾಂಗಣದಲ್ಲಿ ನಾನು ಅವರ ಆಟವನ್ನು ಹಲವು ಸಂಜೆ ಕಂಡಿದ್ದೇನೆ. ಕ್ಯಾಟಲೋನಿಯಾದವರು ತುಂಬಿದ್ದ ಆ ವೇಲ್ಸಿನ ಡ್ರೆಸ್ಸಿಂಗ್ ಕೋಣೆ ಹೇಗಿತ್ತು, ಅಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು ಎಂದು ಅವರನ್ನು ಕೇಳಬಹುದಿತ್ತು ಎಂಬುದು ನನಗೆ ಹೊಳೆದದ್ದು ಅವರು ಬೆಂಗಳೂರು ಬಿಟ್ಟ ಮೇಲೆ.